‘ಎಲ್ಲಾ ಕೂಡಿ ಇರ್ತಾವು’ ಅಂದ್ರೆ ನಂಬಬೇಡಿ: ಉಪ್ಪುನೀರಿನ ಟ್ಯಾಂಕ್ ಇಡುವವರಿಗೆ

ಬೆಳಗಾವಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಇರುವವರು ಮೀನಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ. ನಮ್ಮೂರಲ್ಲಿ ಗೋಲ್ಡ್‌ಫಿಶ್, ಗಪ್ಪಿ ಮಾರುವ ಅಂಗಡಿಗಳು ಬೇಕಾದಷ್ಟಿವೆ. ಸಮುದ್ರದ ಮೀನು ತರಿಸಿಕೊಡುವವರು ಕಡಿಮೆ. ನನಗೆ ಸಿಕ್ಕವನು ಮುಂಬೈಯಿಂದ ರಾತ್ರಿ ಬಸ್ಸಿಗೆ ಹಾಕಿಸಿ, ಬೆಳಿಗ್ಗೆ ಥರ್ಮೋಕೋಲ್ ಡಬ್ಬಿ ಕೈಗೆ ಕೊಟ್ಟು ಕೈ ತೊಳೆದುಕೊಳ್ಳುವ ಪೈಕಿ. ಅವನ ಹೆಸರು ಇಲ್ಲಿ ಬೇಡ. ಅವನ ಮಾತು ಮಾತ್ರ ಬರೆಯುತ್ತೇನೆ, ಯಾಕಂದ್ರೆ ನಿಮಗೂ ಯಾರಾದರೂ ಅದನ್ನೇ ಹೇಳಬಹುದು.

“ಅಕ್ಕಾರ, ಏನೂ ಚಿಂತಿ ಮಾಡಬ್ಯಾಡ್ರಿ. ಎಲ್ಲಾ ಸಮುದ್ರದ ಮೀನ ಅಲ್ರೀ? ಎಲ್ಲಾ ಕೂಡಿ ಇರ್ತಾವು.”

ಇರೋದಿಲ್ಲ.

ನಮ್ಮದು ಮೂರಡಿ ಟ್ಯಾಂಕ್, ಹೆಚ್ಚುಕಡಿಮೆ 150 ಲೀಟರ್. ಆರ್‌ಓ ನೀರಿಗೆ ಮರೈನ್ ಸಾಲ್ಟ್ ಕಲಸಿ, ಉಪ್ಪಿನ ಪ್ರಮಾಣ ತೋರಿಸುವ ಸ್ಪೆಸಿಫಿಕ್ ಗ್ರಾವಿಟಿ 1.025ಕ್ಕೆ ತಂದು, ಹೀಟರ್ 26 ಡಿಗ್ರಿಗೆ ಇಟ್ಟಿದ್ದೆವು. ನೀರಿನದೇನೂ ತಕರಾರಿರಲಿಲ್ಲ. ತಕರಾರೆಲ್ಲ ಮೀನಿನದು.

ಮೊದಲು ಡ್ಯಾಮ್ಸೆಲ್ ಅನ್ನುವ ಸಣ್ಣ ಮೀನು ಹಾಕಿಸಿದ. ಮೂರು ನೀಲಿ, ಒಂದು ಡಾಮಿನೋ. ಡಾಮಿನೋ ಅಂದ್ರೆ ಕಪ್ಪು ಮೈಮೇಲೆ ಮೂರು ಬಿಳಿ ಚುಕ್ಕೆ ಇರುವ ಮೀನು. ಮರಿ ಇದ್ದಾಗ ನೋಡೋಕೆ ಬಹಳ ಮುದ್ದು. “ಗಟ್ಟಿ ಜೀವ ಇವು, ಇವನ್ನ ಬಿಟ್ರ ಟ್ಯಾಂಕ್ ತಯಾರಾಗ್ತದ” ಅಂದ. ಗಟ್ಟಿ ಜೀವ ನಿಜ, ಅಗ್ಗ ಅನ್ನೋದೂ ನಿಜ. ಹೊಸ ಟ್ಯಾಂಕಿನ ಅಮೋನಿಯಾ ತಡೆದುಕೊಳ್ಳುತ್ತವೆ ಅಂತ ಇವನ್ನು ಮೊದಲು ಬಿಡುವುದು ಹಳೇ ರೂಢಿ. ಈಗ ಅದರ ಅವಶ್ಯಕತೆಯೇ ಇಲ್ಲ, ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಹಾಕಿ ಮೀನಿಲ್ಲದೆಯೂ ಟ್ಯಾಂಕ್ ಸೈಕಲ್ ಮಾಡಬಹುದು, ಅಂದ್ರೆ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ನೆಲೆಗೊಳಿಸಬಹುದು. ಅವನು ಹೇಳದೇ ಬಿಟ್ಟದ್ದು ಏನಂದ್ರೆ, ಡ್ಯಾಮ್ಸೆಲ್ ಒಮ್ಮೆ ಒಂದು ಕಲ್ಲಿನ ಸಂದು ಹಿಡಿಯಿತು ಅಂದ್ರೆ ಅದು ಬದು ಹಾಕಿಕೊಂಡ ಹೊಲ ಇದ್ದ ಹಾಗೆ. ಆಮೇಲೆ ಬಂದವರಿಗೆ ಅಲ್ಲಿ ಕಾಲಿಡೋಕೂ ಜಾಗ ಇಲ್ಲ.

ಆಮೇಲೆ ಬಂದದ್ದು ಕ್ಲೌನ್‌ಫಿಶ್ ಜೋಡಿ. ಮಗಳು ಟ್ಯಾಂಕ್ ಇಡಿಸಿದ್ದೇ ಅದಕ್ಕಾಗಿ. ಚೀಲದಿಂದ ಬಿಟ್ಟ ಕೂಡಲೇ ಡಾಮಿನೋ ಬಂತು. ಕಚ್ಚಲಿಲ್ಲ, ಪಕ್ಕದಿಂದ ಗುದ್ದಿತು. ಮತ್ತೆ ತಿರುಗಿ ಬಂದು ಗುದ್ದಿತು. ಮರುದಿನ ಎರಡೂ ಕ್ಲೌನ್ ಹೀಟರಿನ ಹಿಂದೆ, ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡು ನಿಂತಿದ್ದವು. ಚಿಕ್ಕದರ ಬಾಲದ ಅಂಚು ಹರಿದು ಎಳೆ ಎಳೆಯಾಗಿತ್ತು. ಊಟ ಹಾಕಿದರೆ ಒಂದು ಗೇಣು ಕೆಳಗಿಳಿಯುತ್ತಿದ್ದವು, ಕಪ್ಪು ಮೀನು ಕಂಡ ಕೂಡಲೇ ವಾಪಸ್. ಒಂದು ವಾರದೊಳಗೆ ಚಿಕ್ಕದು ಹೋಯಿತು. ಫೋನ್ ಮಾಡಿದರೆ “ಹೊಂದ್ಕೊಳ್ಳಾಕ ಟೈಮ್ ಬೇಕ್ರೀ” ಅಂದ.

ಡ್ಯಾಮ್ಸೆಲ್ ಹಿಡಿಯೋದು ಎಷ್ಟು ಕಷ್ಟ ಅಂತ ಮಾರುವವರು ಯಾರೂ ಹೇಳಲ್ಲ. ಬಲೆಗೆ ಬೀಳೋ ಮಾತೇ ಇಲ್ಲ. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ, ಒಳಗಡೆ ಊಟ ಇಟ್ಟು ಮುಳುಗಿಸಿದ್ದಕ್ಕೆ ನೀಲಿಗಳು ಒಂದೊಂದಾಗಿ ಸಿಕ್ಕವು. ಡಾಮಿನೋ ಸಿಗಲಿಲ್ಲ. ಕೊನೆಗೆ ಒಂದು ರಾತ್ರಿ ನಾನೂ ನಮ್ಮ ಮನೆಯವರೂ ಕಲ್ಲುಗಳನ್ನೆಲ್ಲ ಎತ್ತಿ ಬಕೆಟ್ಟಿಗೆ ಹಾಕಿದೆವು. ನೋಡಿದರೆ ಟ್ಯಾಂಕ್ ಖಾಲಿ, ಮೀನೇ ಇಲ್ಲ! ಎತ್ತಿಟ್ಟ ಕಲ್ಲಿನ ತೂತಿನೊಳಗೇ ಕೂತಿತ್ತು ಪುಣ್ಯಾತ್ಮ.

ಇಷ್ಟಾದ ಮೇಲೂ ಆರ್ಡರ್ ಮೊದಲೇ ಆಗಿತ್ತಲ್ಲ, ಬಾಕಿ ಮೀನು ಬಂದವು. ಒಂದು ಥ್ರೆಡ್‌ಫಿನ್ ಬಟರ್‌ಫ್ಲೈ. ಟ್ಯಾಂಕಿನಲ್ಲಿ ಝೋವಾ ಮತ್ತು ಮಶ್ರೂಮ್ (ಎರಡೂ ಕಲ್ಲಿಗೆ ಅಂಟಿ ಬೆಳೆಯುವ, ಹವಳದಂಥ ಮೆತ್ತಗಿನ ಜೀವಿಗಳು) ಇದ್ದದ್ದು ಅವನಿಗೆ ಗೊತ್ತಿತ್ತು, ಅವನೇ ಕೊಟ್ಟದ್ದು. ಈ ಜಾತಿಯ ಮೀನಿಗೆ ಪಾಲಿಪ್, ಅಂದ್ರೆ ಅವುಗಳ ಹೂವಿನಂಥ ಒಂದೊಂದು ಜೀವ, ತಿಂಡಿ. ಹತ್ತಿರ ಹೋಗಿ ಮೂತಿ ಚಾಚಿ ಒಂದೊಂದನ್ನೇ ಕಿತ್ತು ತಿನ್ನುವುದನ್ನು ಗಾಜಿಗೆ ಮುಖ ಹಚ್ಚಿ ನೋಡಿದ್ದೇನೆ. ಝೋವಾ ಅರಳುವುದೇ ನಿಂತುಹೋಯಿತು.

ಇನ್ನೊಂದು ಪೌಡರ್ ಬ್ಲೂ ಟ್ಯಾಂಗ್. ಹಿಂದೂ ಮಹಾಸಾಗರದ ಮೀನು, ಬಣ್ಣಕ್ಕೆ ಸೋಲದವರಿಲ್ಲ. ಇದು 20 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ದಿನವಿಡೀ ಈಜುತ್ತಲೇ ಇರಬೇಕು, ಆರಡಿ ಟ್ಯಾಂಕ್ ಇಲ್ಲದವರು ಇದರ ಕಡೆ ನೋಡಲೂಬಾರದು. ಜಾಗ ಸಾಲದೆ ಸುಸ್ತಾದಾಗ ಮೊದಲು ಬರುವುದು ವೈಟ್ ಸ್ಪಾಟ್, ಅಂದ್ರೆ ಕ್ರಿಪ್ಟೋಕ್ಯಾರಿಯಾನ್ ಅನ್ನುವ ಪರಾವಲಂಬಿ. ನಮ್ಮಲ್ಲೂ ಅದೇ ಆಯಿತು, ಮೈತುಂಬ ಉಪ್ಪು ಉದುರಿಸಿದ ಹಾಗೆ ಬಿಳಿ ಕಾಳು. ಅದಕ್ಕೆ ಅವನು ಕಳಿಸಿದ್ದು ತಾಮ್ರದ ಔಷಧಿ. “ಟ್ಯಾಂಕಿಗೇ ಹಾಕ್ರಿ” ಅಂದ.

ಇದನ್ನು ದಯವಿಟ್ಟು ನೆನಪಿಡಿ. ತಾಮ್ರ ಆ ಪರಾವಲಂಬಿಯನ್ನು ಕೊಲ್ಲುತ್ತದೆ ನಿಜ. ಜೊತೆಗೆ ಸೀಗಡಿ, ಬಸವನಹುಳು, ಪಾಲಿಪ್, ಬೆನ್ನೆಲುಬಿಲ್ಲದ ಎಲ್ಲವನ್ನೂ ಕೊಲ್ಲುತ್ತದೆ. ಕಲ್ಲು, ಮರಳು ಅದನ್ನು ಹೀರಿಕೊಂಡು ಆಮೇಲೂ ಬಿಡುತ್ತಿರುತ್ತವೆ. ಔಷಧಿ ಏನಿದ್ದರೂ ಕಲ್ಲಿಲ್ಲದ ಬೇರೆ ಡಬ್ಬಿಯಲ್ಲಿ ಮಾಡಬೇಕು. ಪರಾವಲಂಬಿ ಸಾಯುವವರೆಗೆ ಮುಖ್ಯ ಟ್ಯಾಂಕನ್ನು ಮೀನಿಲ್ಲದೆ ಖಾಲಿ ಬಿಡಬೇಕು, ಹವ್ಯಾಸಿಗಳು ಸಾಮಾನ್ಯವಾಗಿ ಹೇಳುವ ಲೆಕ್ಕ 76 ದಿನ. ನಮ್ಮ ಸ್ವಚ್ಛ ಮಾಡುವ ಸೀಗಡಿ ಸಂಜೆಯೊಳಗೆ ಮಗುಚಿ ಬಿದ್ದಿತ್ತು. ಟ್ಯಾಂಗ್ ಕೂಡ ಉಳಿಯಲಿಲ್ಲ.

ಹಾಗಾಗಿ ಅಂಗಡಿಯಲ್ಲಿ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ. ಪೂರ್ತಿ ಬೆಳೆದರೆ ಎಷ್ಟು ಉದ್ದ? ಏನು ತಿನ್ನುತ್ತೆ? ಈಗ ನನ್ನೆದುರು ತಿಂದು ತೋರಿಸುತ್ತಾ? ಇಷ್ಟು ಕೇಳಿ. ಮ್ಯಾಂಡರಿನ್ ಅಂತ ಒಂದು ಮೀನಿದೆ, ಕಲ್ಲಿನ ಮೇಲಿನ ಕೋಪೆಪಾಡ್ ಹುಳುಗಳನ್ನೇ ಹುಡುಕಿ ತಿನ್ನುತ್ತದೆ. ಸಣ್ಣ, ಹೊಸ ಟ್ಯಾಂಕಿನಲ್ಲಿ ಅದು ಸದ್ದಿಲ್ಲದೆ ಹಸಿದು ಸಾಯುತ್ತದೆ. ಲಯನ್‌ಫಿಶ್ ಕಡೆಗಂತೂ ಹೋಗಲೇಬೇಡಿ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ, ಮುಳ್ಳಿನಲ್ಲಿ ವಿಷ ಬೇರೆ. ಕ್ಲೌನ್‌ನಲ್ಲೂ ಭೇದ ಇದೆ: ಆಸೆಲ್ಲಾರಿಸ್ ಸಾಧು, ಮರೂನ್ ಕ್ಲೌನ್ ಜಗಳಗಂಟ. ಗ್ರೀನ್ ಕ್ರೋಮಿಸ್ ಗುಂಪಾಗಿ ಇಡಿ ಅಂತಾರಲ್ವಾ, ಸಣ್ಣ ಟ್ಯಾಂಕಿನಲ್ಲಿ ಅವು ಒಂದನ್ನೊಂದು ಕಾಡಿ ಕಡೆಗೆ ಒಂದೋ ಎರಡೋ ಉಳಿಯೋದೇ ಹೆಚ್ಚು.

ಮೂರಡಿ ಟ್ಯಾಂಕಿಗೆ ನಾಲ್ಕೈದು ಸಣ್ಣ ಮೀನು ಸಾಕು. ಒಂದು ಆಸೆಲ್ಲಾರಿಸ್ ಜೋಡಿ, ಒಂದು ದೊಡ್ಡದು ಒಂದು ಚಿಕ್ಕದು. ಎಲ್ಲ ಕ್ಲೌನ್‌ಗಳೂ ಹುಟ್ಟುವಾಗ ಗಂಡೇ, ದೊಡ್ಡದೇ ಆಮೇಲೆ ಹೆಣ್ಣಾಗುತ್ತದೆ, ಅದಕ್ಕೆ ಅಳತೆಯಲ್ಲಿ ವ್ಯತ್ಯಾಸ ಇದ್ದರೆ ಜಗಳ ಕಡಿಮೆ. ಸಾಧ್ಯವಾದರೆ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ. ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ)ನವರು ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಢಿಸಿದ್ದಾರೆ. ಅಂಥ ಮೀನು ಪೆಲೆಟ್ (ಕಾಳಿನಂಥ ಒಣ ಆಹಾರ) ತಿನ್ನೋದು ಕಲಿತೇ ಬಂದಿರುತ್ತದೆ. ಜೊತೆಗೆ ಒಂದು ಗೋಬಿ ಮೀನು, ಒಂದು ಕಾರ್ಡಿನಲ್ ಮೀನು. ಫೈರ್‌ಫಿಶ್ ಇಟ್ಟರೆ ಮುಚ್ಚಳ ಬೇಕೇಬೇಕು, ಹಾರುತ್ತದೆ. ಸಾಧುಗಳನ್ನು ಮೊದಲು ಬಿಡಿ, ಜೋರಿರುವುದನ್ನು ಕೊನೆಗೆ. ಒಂದೇ ಆಕಾರ, ಒಂದೇ ಬಣ್ಣದ ಎರಡು ಬೇರೆ ಜಾತಿ ಬೇಡ. ಪ್ರತಿ ಮೀನನ್ನೂ ತಿಂಗಳಷ್ಟು ಬೇರೆ ಇಟ್ಟು ನೋಡಿ.

ಇನ್ನೊಂದು ಮಾತು, ಇದು ಮೀನಿಗಿಂತ ದೊಡ್ಡದು. ಅವನು ನನಗೆ “ಒರಿಜಿನಲ್ ಹಾರ್ಡ್ ಕೋರಲ್, ಲೈವ್ ರಾಕ್ ಕೊಡ್ತೀನ್ರಿ, ಬಿಲ್ ಮಾತ್ರ ಕೇಳಬ್ಯಾಡ್ರಿ” ಅಂತಲೂ ಹೇಳಿದ್ದ. ಗಟ್ಟಿ ಹವಳ, ಸೀ ಫ್ಯಾನ್, ಸೀಹಾರ್ಸ್, ಸೀ ಕುಕುಂಬರ್ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಗಟ್ಟಿ ಹವಳ ಇರುವುದು ಒಂದನೇ ಷೆಡ್ಯೂಲಿನಲ್ಲಿ, ಅಂದ್ರೆ ಹುಲಿ ಇರುವ ಪಟ್ಟಿಯಲ್ಲೇ. ಅದರ ಜೊತೆ ಸಿಕ್ಕಿಬಿದ್ದರೆ 3ರಿಂದ 7 ವರ್ಷದವರೆಗೆ ಜೈಲು. ಲೈವ್ ರಾಕ್, ಅಂದ್ರೆ ಜೀವಿಗಳ ಸಮೇತ ಸಮುದ್ರದಿಂದ ತೆಗೆದ ಕಲ್ಲು ಅಂತ ಮಾರುವುದೂ ಬಹಳ ಸಲ ಹವಳದ ತುಂಡೇ. ಸೆರಾಮಿಕ್ ಕಲ್ಲು ತಗೊಳ್ಳಿ, ಕೆಲವು ತಿಂಗಳಲ್ಲಿ ಅದರ ಮೇಲೂ ಪಾಚಿ ಹಿಡಿದು ಚೆಂದ ಕಾಣುತ್ತೆ.

ಉಳಿದ ಮೀನು ವಾಪಸ್ ತಗೋ ಅಂದರೆ “ಒಮ್ಮೆ ಕೊಟ್ಟಿದ್ದು ಕೊಟ್ಟಂಗರೀ” ಅಂದ. ಡಾಮಿನೋವನ್ನು ಕಡೆಗೆ ದೊಡ್ಡ ಟ್ಯಾಂಕ್ ಇದ್ದ ಪರಿಚಯದವರೊಬ್ಬರು ಒಯ್ದರು. ನೀವು ದುಡ್ಡು ಹಾಕುವ ಮೊದಲೇ ಟ್ಯಾಂಕಿನ ಅಳತೆ, ಒಳಗಿರುವ ಮೀನುಗಳ ಪಟ್ಟಿ ವಾಟ್ಸಾಪ್‌ನಲ್ಲಿ ಕಳಿಸಿ. ಯಾವ ಮೀನು ಅವುಗಳ ಜೊತೆ ಇರುತ್ತೆ, ಜಗಳ ಆಡಿದರೆ ವಾಪಸ್ ತಗೋತೀರಾ ಅಂತ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಅಷ್ಟಕ್ಕೂ ಒಪ್ಪದಿದ್ದರೆ ಆ ಅಂಗಡಿಯಿಂದ ಬರೀ ಉಪ್ಪು ಕೊಂಡು ಮನೆಗೆ ಬನ್ನಿ.