ಆರು ಶನಿವಾರಗಳ ಗರ್ಭಿಣಿಯರ ತರಗತಿ: ಐದನೆಯ, ಆರನೆಯ ತಿಂಗಳಲ್ಲಿರುವವರಿಗಾಗಿ ಒಂದು ವಿಮರ್ಶೆ

ಮಂಗಳೂರಿನ ಖಾಸಗಿ ಹೆರಿಗೆ ಆಸ್ಪತ್ರೆಯೊಂದು ಬಸಿರಿನ ನಡುವಿನ ತಿಂಗಳುಗಳಲ್ಲಿರುವವರಿಗೆಂದೇ ಆರು ಶನಿವಾರಗಳ ತರಗತಿಯೊಂದನ್ನು ನಡೆಸುತ್ತದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಪಾಠ, ಒಂದು ತಂಡದಲ್ಲಿ ಹನ್ನೆರಡು ಮಂದಿ, ಒಟ್ಟು ಶುಲ್ಕ 2,400 ರೂಪಾಯಿ. ಸುರತ್ಕಲ್‌ನಿಂದ ಬಸ್ಸಿನಲ್ಲಿ ಓಡಾಡುತ್ತ 19ನೇ ವಾರದಲ್ಲಿ ಸೇರಿದ ನಾನು 24ನೇ ವಾರದಲ್ಲಿ ತರಗತಿಯನ್ನು ಮುಗಿಸಿದೆ. ಇದು ನನ್ನ ಮೊದಲ ಬಸಿರು. ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂದು, ಅಲ್ಲಿ ದೊರೆತದ್ದನ್ನೂ ದೊರೆಯದೆ ಹೋದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದ ಕಾರಣವನ್ನು ಮೊದಲು ಹೇಳಬೇಕು. ಮೊದಲ ಮೂರು ತಿಂಗಳು ವಾಂತಿ, ಸುಸ್ತು ಇದ್ದಾಗ ಮನೆಯವರೆಲ್ಲರೂ ದಿನಕ್ಕೆ ನಾಲ್ಕು ಸಲ ವಿಚಾರಿಸುತ್ತಿದ್ದರು. ಹದಿನಾಲ್ಕನೆಯ ವಾರ ದಾಟಿ ಊಟ ಸೇರತೊಡಗಿದ ಮೇಲೆ, "ಇನ್ನು ಏಳನೆಯ ತಿಂಗಳ ತನಕ ಆರಾಮ" ಎಂದು ಅತ್ತೆಯೂ ಅಮ್ಮನೂ ಒಂದೇ ಮಾತು ಹೇಳಿದರು. ಅವರ ಮಾತು ಸುಳ್ಳಲ್ಲ, ವಾಕರಿಕೆ ನಿಜಕ್ಕೂ ನಿಂತಿತ್ತು. ಆದರೆ ಆರಾಮದ ತಿಂಗಳುಗಳೆಂದು ಎಲ್ಲರೂ ತೀರ್ಮಾನಿಸಿದ ಕೂಡಲೇ ವಿಚಾರಿಸುವುದೂ ನಿಂತುಹೋಗುತ್ತದೆ. ಒಸಡಿನಿಂದ ರಕ್ತ ಬಂದದ್ದನ್ನು, ನಡುರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾದದ್ದನ್ನು, ಏನೂ ಕಾರಣವಿಲ್ಲದೆ ಅಡುಗೆಮನೆಯಲ್ಲಿ ನಿಂತು ಅತ್ತದ್ದನ್ನು ಯಾರ ಮುಂದೆ ಹೇಳಲಿ ಎಂದು ತಿಳಿಯದೆ ನಾನು ಈ ತರಗತಿಗೆ ಹೆಸರು ಕೊಟ್ಟೆ.

ಮೊದಲ ಶನಿವಾರ ಪ್ರಸೂತಿ ತಜ್ಞೆಯೊಬ್ಬರು ದೇಹದ ಬದಲಾವಣೆಗಳನ್ನು ಕಾರಣಸಹಿತ ವಿವರಿಸಿದರು. ಬಸಿರಿನಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಅದರಲ್ಲಿ ನೀರಿನಂಶ ಕೆಂಪು ಕಣಗಳಿಗಿಂತ ವೇಗವಾಗಿ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಇಳಿದಂತೆ ಕಾಣುತ್ತದೆ. ಅದು 11 ಗ್ರಾಂಗಿಂತ ಕೆಳಗೆ ಹೋದರೆ ರಕ್ತಹೀನತೆ ಎಂದೇ ಪರಿಗಣಿಸುತ್ತಾರೆ. ಮೂಗು ಕಟ್ಟುವುದಕ್ಕೂ ಒಸಡು ಊದಿಕೊಳ್ಳುವುದಕ್ಕೂ ಹಾರ್ಮೋನುಗಳ ಜೊತೆಗೆ ಈ ಹೆಚ್ಚಿದ ರಕ್ತಸಂಚಾರವೇ ಕಾರಣ. ಸ್ನಾಯುಗಳನ್ನು ಸಡಿಲಿಸುವ ಪ್ರೊಜೆಸ್ಟರಾನ್ ಜಠರದ ಬಾಯಿಯನ್ನೂ ಕರುಳನ್ನೂ ಸಡಿಲಿಸುವುದರಿಂದ ಎದೆಯುರಿ ಮತ್ತು ಮಲಬದ್ಧತೆ ಜೊತೆಯಾಗಿ ಬರುತ್ತವೆ. ಇಪ್ಪತ್ತನೆಯ ವಾರಕ್ಕೆ ಗರ್ಭಕೋಶ ಹೊಕ್ಕುಳಿನ ಮಟ್ಟಕ್ಕೆ ಏರುತ್ತದೆ. ಅಲ್ಲಿಂದ ಮುಂದೆ ಕೆಲವು ವಾರಗಳ ಕಾಲ, ಅಳತೆಪಟ್ಟಿಯಲ್ಲಿ ಕಾಣುವ ಸೆಂಟಿಮೀಟರುಗಳು ಹೆಚ್ಚುಕಡಿಮೆ ಬಸಿರಿನ ವಾರಗಳಷ್ಟೇ ಇರುತ್ತವೆ. ಪ್ರತಿ ತಪಾಸಣೆಯಲ್ಲಿ ಹೊಟ್ಟೆಯ ಮೇಲೆ ಪಟ್ಟಿ ಇಟ್ಟು ದಾದಿ ಏನನ್ನು ಬರೆದುಕೊಳ್ಳುತ್ತಿದ್ದರೆಂಬುದು ನನಗೆ ಅಂದು ಅರ್ಥವಾಯಿತು. ಕೆನ್ನೆಯ ಮೇಲಿನ ಬಂಗು, ಹೊಕ್ಕುಳ ಕೆಳಗಿನ ಕಪ್ಪು ಗೆರೆ ಹೆರಿಗೆಯ ಬಳಿಕ ಸಾಮಾನ್ಯವಾಗಿ ತಿಳಿಯಾಗುತ್ತವೆ ಎಂದು ಕೇಳಿ ತಂಡದಲ್ಲಿ ಹಲವರು ಸಮಾಧಾನಪಟ್ಟರು.

ಮಗುವಿನ ಮಿಸುಕಾಟದ ಕುರಿತು ಅವರು ಹೇಳಿದ ಒಂದು ಮಾತಿಗಾಗಿಯೇ ಕೊಟ್ಟ ಹಣ ಸಾರ್ಥಕವಾಯಿತು ಎಂದರೆ ಅತಿಶಯೋಕ್ತಿಯಲ್ಲ. ನನ್ನ ನಾದಿನಿಗೆ ಎರಡನೆಯ ಬಸಿರಿನಲ್ಲಿ ಹದಿನಾರನೆಯ ವಾರಕ್ಕೇ ಮಗು ಅಲುಗಿದ್ದು ತಿಳಿದಿತ್ತು. ನನಗೆ ಹತ್ತೊಂಬತ್ತು ತುಂಬಿದರೂ ಏನೂ ಗೊತ್ತಾಗಿರಲಿಲ್ಲ. ಆ ಭಯವನ್ನು ಗಂಡನಿಗೂ ಹೇಳದೆ ಒಂದು ವಾರ ಒಬ್ಬಳೇ ಹೊತ್ತುಕೊಂಡಿದ್ದೆ. ಮೊದಲ ಬಸಿರಿನಲ್ಲಿ ಹದಿನೆಂಟರಿಂದ ಇಪ್ಪತ್ತನೆಯ ವಾರದ ಹೊತ್ತಿಗೆ ಚಲನೆ ತಿಳಿಯುವುದು ಸಾಮಾನ್ಯ, ಕೆಲವರಿಗೆ ಇನ್ನೂ ತಡವಾಗುತ್ತದೆ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿಕೊಂಡಿದ್ದರೆ ಮಗುವಿನ ಮೃದುವಾದ ಒದೆತಗಳು ಅದರ ಹಿಂದೆ ಅಡಗಿಹೋಗುತ್ತವೆ, ಆದರೆ ಇಪ್ಪತ್ತನಾಲ್ಕನೆಯ ವಾರ ಕಳೆದರೂ ತಿಳಿಯದಿದ್ದರೆ ಕಾಯದೆ ಬರಬೇಕು ಎಂದು ಅವರು ಹೇಳಿದರು. ನನ್ನ ಸ್ಕ್ಯಾನಿಂಗ್ ವರದಿಯಲ್ಲಿ ಮಾಸು ಮುಂಭಾಗದಲ್ಲಿದೆ ಎಂದೇ ಬರೆದಿತ್ತು. ಅದರ ಅರ್ಥವನ್ನು ಅದುವರೆಗೆ ಯಾರೂ ತಿಳಿಸಿರಲಿಲ್ಲ. ಇಪ್ಪತ್ತೊಂದನೆಯ ವಾರದ ಒಂದು ರಾತ್ರಿ, ನೀರಿನೊಳಗೆ ಸಣ್ಣ ಮೀನು ಹೊರಳಿದಂತೆ, ಅದು ನನಗೂ ತಿಳಿಯಿತು.

ಹದಿನೆಂಟರಿಂದ ಇಪ್ಪತ್ತನೆಯ ವಾರದ ಸುಮಾರಿಗೆ ನಡೆಯುವ ಅಂಗಾಂಗಗಳ ಸ್ಕ್ಯಾನಿಂಗ್ ಬಗ್ಗೆ ಎರಡನೆಯ ವಾರ ಹೇಳಿಕೊಟ್ಟರು. ಹೃದಯದ ನಾಲ್ಕು ಕೋಣೆಗಳು, ಬೆನ್ನುಹುರಿ, ಮೂತ್ರಪಿಂಡಗಳು, ತುಟಿ ಇವನ್ನೆಲ್ಲ ಅದರಲ್ಲಿ ನೋಡುತ್ತಾರೆ. 1994ರ ಕಾಯಿದೆಯ ಪ್ರಕಾರ ಮಗು ಗಂಡೋ ಹೆಣ್ಣೋ ಎಂದು ಹೇಳುವುದೂ ಕೇಳುವುದೂ ಅಪರಾಧ ಎಂಬುದನ್ನು ಸ್ಪಷ್ಟವಾಗಿ ತಿಳಿಸಿದರು. ಇಲ್ಲಿ ನನ್ನದೊಂದು ಆಕ್ಷೇಪವಿದೆ. ತಂಡದ ಹೆಚ್ಚಿನವರ ಸ್ಕ್ಯಾನಿಂಗ್ ಅಷ್ಟರಲ್ಲಿ ಮುಗಿದಿತ್ತು. ಈ ಪಾಠ ಪ್ರಯೋಜನಕ್ಕೆ ಬರಬೇಕಾದರೆ ಹದಿನೇಳನೆಯ ವಾರದಲ್ಲೇ ಸೇರಿಸಿಕೊಳ್ಳಬೇಕು.

ಇಡೀ ತರಗತಿಯಲ್ಲಿ ಅತ್ಯುತ್ತಮವಾದದ್ದು ಫಿಸಿಯೋಥೆರಪಿಸ್ಟ್ ನಡೆಸಿದ ಎರಡು ವಾರಗಳು. ಚಾಪೆಯ ಮೇಲೆ ಒಬ್ಬೊಬ್ಬರ ಪಕ್ಕದಲ್ಲೂ ಕುಳಿತು, "ಬೇನೆ ಉಂಡಾ?" ಎಂದು ತುಳುವಿನಲ್ಲಿ ಕೇಳಿಕೊಂಡು, ಎಲ್ಲಿ ನೋಯುತ್ತದೆಂದು ಬೆರಳಿಟ್ಟು ತೋರಿಸಲು ಹೇಳುತ್ತಿದ್ದರು. ತಟ್ಟನೆ ಎದ್ದಾಗ ಅಥವಾ ಸೀನಿದಾಗ ತೊಡೆಸಂದಿಯ ಹತ್ತಿರ ಚುಚ್ಚಿದಂತಾಗುವುದು ಗರ್ಭಕೋಶವನ್ನು ಹಿಡಿದಿರುವ ತಂತುಗಳು ಎಳೆಯುವುದರಿಂದ ಎಂದು ವಿವರಿಸಿ, ಹಾಸಿಗೆಯಿಂದ ನೇರವಾಗಿ ಏಳದೆ ಪಕ್ಕಕ್ಕೆ ಹೊರಳಿ ಕೈಯೂರಿ ಏಳುವ ಅಭ್ಯಾಸವನ್ನು ನಮ್ಮಿಂದ ಹತ್ತು ಸಲ ಮಾಡಿಸಿದರು. ತುಂಬ ಹೊತ್ತು ಅಂಗಾತ ಮಲಗಿದರೆ ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನು ಒತ್ತುವುದರಿಂದ ತಲೆ ತಿರುಗಬಹುದು. ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗುವುದು ಸುಖ. ಮೀನಖಂಡ ಹಿಡಿದಾಗ ಕಾಲನ್ನು ನೀಡಿ ಪಾದದ ಬೆರಳುಗಳನ್ನು ತನ್ನತ್ತ ಎಳೆದುಕೊಳ್ಳಬೇಕೇ ಹೊರತು ತಿಕ್ಕಿದ್ದರಿಂದ ಮಾತ್ರ ಆಗುವುದಿಲ್ಲ ಎಂಬುದು ನನಗೆ ಆ ರಾತ್ರಿಯೇ ಕೆಲಸಕ್ಕೆ ಬಂತು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು, ಯಾರೂ ಮುಜುಗರಪಡದಂತೆ, ಸರಳ ಮಾತಿನಲ್ಲಿ ಕಲಿಸಿದರು. ಬಸ್ಸಿನಲ್ಲಿ ನಿಂತೇ ಹೋಗಬೇಕಾದವರು ಒಂದೇ ಕಾಲಿನ ಮೇಲೆ ಭಾರ ಬಿಡದೆ ಎರಡೂ ಪಾದಗಳನ್ನು ತುಸು ಅಗಲಿಸಿ ನಿಲ್ಲಬೇಕು, ಸೀಟು ಬೇಕೆಂದು ಬಾಯಿಬಿಟ್ಟು ಕೇಳಬೇಕು ಎಂದರು. ಮೊದಲೆಲ್ಲ ನಾನು ಕೇಳುತ್ತಿರಲಿಲ್ಲ, ಈಗ ಕೇಳುತ್ತೇನೆ.

ಆಹಾರದ ಪಾಠ ನಿರಾಶೆ ತಂದಿತು. ಓಟ್ಸ್, ಬ್ರೊಕೊಲಿ, ಬೆಣ್ಣೆಹಣ್ಣು ಇರುವ ಇಂಗ್ಲಿಷ್ ಪಟ್ಟಿಯೊಂದನ್ನು ಕೈಗೆ ಕೊಟ್ಟರು. ಕುಚ್ಚಲಕ್ಕಿ ಗಂಜಿ, ಹರಿವೆ, ಬಸಳೆ, ತಿಮರೆ ಚಟ್ನಿ, ಬೂತಾಯಿ, ಬಂಗುಡೆ ತಿಂದು ಬೆಳೆದ ನಮಗೆ ನಮ್ಮ ತಟ್ಟೆಯಲ್ಲಿ ಏನಿದೆ, ಏನು ಕಡಿಮೆ ಎಂದು ಹೇಳಬೇಕಿತ್ತು. ನಾವಾಗಿಯೇ ಕೇಳಿದ ಮೇಲೆ, ಬೂತಾಯಿಯಂತಹ ಸಣ್ಣ ಮೀನು ಚೆನ್ನಾಗಿ ಬೇಯಿಸಿದರೆ ಬಹಳ ಒಳ್ಳೆಯದು, ಪಾದರಸದ ಅಂಶ ಹೆಚ್ಚಿರುವ ಶಾರ್ಕ್‌ನಂತಹ ದೊಡ್ಡ ಮೀನು ಬೇಡ ಎಂದರು. ಇಬ್ಬರ ಊಟ ಒಬ್ಬಳೇ ಉಣ್ಣಬೇಕಾಗಿಲ್ಲ; ಈ ಹಂತದಲ್ಲಿ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚುವರಿಯಾಗಿ ಸಿಕ್ಕರೆ ಸಾಕು ಎಂಬುದನ್ನು ಅತ್ತೆಯವರಿಗೆ ತೋರಿಸಲೆಂದು ಬರೆದುಕೊಂಡೆ. ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಕಬ್ಬಿಣಾಂಶದ ಮಾತ್ರೆಯ ಆಸುಪಾಸಿನಲ್ಲಿ ಚಹಾ, ಕಾಫಿ, ಹಾಲು ಕೂಡದು, ಲಿಂಬೆ ಪಾನಕ ಆಗಬಹುದು ಎಂಬ ವಿವರ ಉಪಯುಕ್ತವಾಗಿತ್ತು. ತಂಡದ ಅರ್ಧಕ್ಕರ್ಧ ಮಂದಿ ಎರಡನ್ನೂ ರಾತ್ರಿ ಊಟದ ನಂತರ ಹಾಲಿನ ಜೊತೆಗೆ ನುಂಗುತ್ತಿದ್ದೆವು.

ತಪಾಸಣೆಗಳ ಬಗ್ಗೆ ಚುಟುಕಾಗಿ, ಆದರೆ ಸರಿಯಾಗಿ ತಿಳಿಸಿದರು. 24ರಿಂದ 28ನೇ ವಾರದ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತದ ಸಕ್ಕರೆ ನೋಡುತ್ತಾರೆ; 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ರಕ್ತಸ್ರಾವ, ನೀರು ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಹಠಾತ್ತಾಗಿ ಊದುವುದು, ಉರಿಮೂತ್ರ, ಜ್ವರ ಇವುಗಳಲ್ಲಿ ಯಾವುದಿದ್ದರೂ ಮರುದಿನಕ್ಕೆ ಮುಂದೂಡಬಾರದು. ಜ್ವರದ ಬಗ್ಗೆ ಅವರು ಒತ್ತಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಮಂಗಳೂರು ಬಹುಕಾಲ ಮಲೇರಿಯಾಕ್ಕೆ ಹೆಸರಾದ ಊರು. ಕಟ್ಟಡ ಕಾಮಗಾರಿಯ ತಾಣಗಳಲ್ಲೂ ಮುಚ್ಚಳವಿಲ್ಲದ ತೊಟ್ಟಿಗಳಲ್ಲೂ ನಿಂತ ಶುದ್ಧ ನೀರಿನಲ್ಲೇ ಆ ಸೊಳ್ಳೆ ಬೆಳೆಯುತ್ತದೆ, ಬಸುರಿಯರಿಗೆ ಆ ಜ್ವರ ಇತರರಿಗಿಂತ ಹೆಚ್ಚು ಅಪಾಯಕಾರಿ. ಆದ್ದರಿಂದ ಮಳೆಗಾಲದ ಜ್ವರವನ್ನು ಶೀತವೆಂದು ಮನೆಯಲ್ಲೇ ತೀರ್ಮಾನಿಸದೆ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನು ಮನಸ್ಸಿನ ವಿಷಯ. ಇದಕ್ಕೆ ಮೀಸಲಿಟ್ಟದ್ದು ಕೊನೆಯ ಶನಿವಾರದ ಮುಕ್ಕಾಲು ಗಂಟೆ ಮಾತ್ರ. ಅದರಲ್ಲೂ ಹಿಂದಿನ ಪಾಠ ಲಂಬಿಸಿ ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಆಪ್ತಸಮಾಲೋಚಕಿ ಬಂದು, ಕಳೆದ ಏಳು ದಿನಗಳಲ್ಲಿ ಹೇಗನಿಸಿತು ಎಂಬ ಬಗ್ಗೆ ಹತ್ತು ಪ್ರಶ್ನೆಗಳಿರುವ ಎಡಿನ್‌ಬರೋ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಹಂಚಿದರು. ನಗಲು ಸಾಧ್ಯವಾಯಿತೇ, ವಿನಾಕಾರಣ ಹೆದರಿಕೆಯಾಯಿತೇ, ನಿದ್ದೆ ಬಾರದಷ್ಟು ದುಃಖವಾಯಿತೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂತೇ ಎಂದು ಅದು ಕೇಳುತ್ತದೆ. ಕಾಗದದ ಮೇಲೆ ಗುರುತು ಹಾಕುವಾಗಲೇ ಇಬ್ಬರು ಅತ್ತರು. ಅವರಲ್ಲಿ ಒಬ್ಬರಿಗೆ ಹಿಂದೆ ಒಂದು ಬಸಿರು ಐದನೆಯ ತಿಂಗಳಲ್ಲಿ ನಿಂತಿರಲಿಲ್ಲ. ಈ ಸಲ ಆ ವಾರ ದಾಟುವ ತನಕ ಮಗುವಿನ ಬಗ್ಗೆ ಯೋಚಿಸಲೇಬಾರದೆಂದು ಅವರು ಮನಸ್ಸನ್ನು ಕಟ್ಟಿಹಾಕಿಕೊಂಡಿದ್ದರಂತೆ. ಆರು ವಾರ ಪಕ್ಕದ ಚಾಪೆಯಲ್ಲಿ ಕುಳಿತ ನನಗೆ ಅದು ಗೊತ್ತಿರಲಿಲ್ಲ. ವಿಚಿತ್ರ ಕನಸುಗಳು, ಮರೆವು, ಸಣ್ಣ ಮಾತಿಗೆ ಕಣ್ಣೀರು ಬರುವುದು ಈ ತಿಂಗಳುಗಳಲ್ಲಿ ಸಹಜ. ಆದರೆ ದುಗುಡ ಎರಡು ವಾರ ಬಿಡದೆ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲವಾದರೆ ಅದಕ್ಕೆ ಚಿಕಿತ್ಸೆ ಬೇಕು ಮತ್ತು ಚಿಕಿತ್ಸೆ ಇದೆ ಎಂದು ಸಮಾಲೋಚಕಿ ಹೇಳಿದರು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರಲಿ ರಾತ್ರಿಯಿರಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಹೊಸ ವಿಷಯವಾಗಿತ್ತು. ನಾನು ಅಡುಗೆಮನೆಯಲ್ಲಿ ಅತ್ತದ್ದನ್ನು ಅಂದೇ ಮೊದಲ ಬಾರಿಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ತಂಡದವರು ಬಾಗಿಲಲ್ಲಿ ನಿಂತಿದ್ದರು.

ಈ ಪಾಠ ಕೊನೆಗೆ ಇರಬಾರದಿತ್ತು, ಮೊದಲ ವಾರದಲ್ಲೇ ಇರಬೇಕಿತ್ತು. ಮೊದಲ ದಿನವೇ ಹಾಗೆ ಮಾತನಾಡಿದ್ದರೆ ಉಳಿದ ಐದು ಶನಿವಾರ ನಾವು ಹನ್ನೆರಡು ಮಂದಿ ಒಬ್ಬರಿಗೊಬ್ಬರು ಆಸರೆಯಾಗಿರುತ್ತಿದ್ದೆವು. ಗಂಡಂದಿರನ್ನು ಕರೆದದ್ದೂ ಆ ಕೊನೆಯ ಶನಿವಾರ ಒಂದೇ ದಿನ. ಮೂವರು ಮಾತ್ರ ಬಂದಿದ್ದರು. ಮನೆಗೆ ಹೋಗಿ ಎಲ್ಲವನ್ನೂ ಮತ್ತೆ ವಿವರಿಸುವ ಕೆಲಸ ಹೆಂಗಸರ ಮೇಲೆಯೇ ಬಿತ್ತು. ಕನ್ನಡ ಓದಲು ಬರುವ, ಇಂಗ್ಲಿಷ್ ಬಾರದ ಇಬ್ಬರು ನಮ್ಮ ತಂಡದಲ್ಲಿದ್ದರು. ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಅವರು ಪಕ್ಕದವರನ್ನು ಕೇಳಿಕೊಂಡೇ ಆರು ವಾರ ಕಳೆದರು.

ಸೌಕರ್ಯಗಳ ಬಗ್ಗೆ ದೂರಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಕೋಣೆ ತಂಪಾಗಿತ್ತು, ಶೌಚಾಲಯ ಹತ್ತಿರದಲ್ಲೇ ಇತ್ತು, ಬೆನ್ನಿಗೆ ಒರಗು ಇರುವ ಕುರ್ಚಿಗಳಿದ್ದವು. ಶುಲ್ಕ ಎಲ್ಲರ ಕೈಗೆಟಕುವಂಥದ್ದಲ್ಲ. ಅಂಥವರು ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ, ನಾಲ್ಕನೆಯ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗೆಂದು 2016ರಿಂದ ನಡೆಯುತ್ತಿರುವ ಉಚಿತ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋಗಬಹುದು. ಯಾವ ಕೇಂದ್ರ ಹತ್ತಿರವೆಂದು ಆಶಾ ಕಾರ್ಯಕರ್ತೆ ತಿಳಿಸುತ್ತಾರೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಫಿಸಿಯೋಥೆರಪಿಸ್ಟ್‌ಗೇ ಸಲ್ಲಬೇಕು. ಸೇರುವವರು ಹದಿನೇಳನೆಯ ವಾರದೊಳಗೆ ಹೆಸರು ಕೊಡಿ, ಹೆಸರು ಕೊಡುವಾಗಲೇ ಸಮಾಲೋಚಕಿಯ ಪಾಠ ಯಾವ ವಾರ, ಎಷ್ಟು ಹೊತ್ತು ಎಂದು ಕೇಳಿ. ಕೊನೆಯ ದಿನ ಕೊಟ್ಟ ಅಭಿಪ್ರಾಯದ ಹಾಳೆಯಲ್ಲಿ ಅದನ್ನು ಮೊದಲ ವಾರಕ್ಕೆ ತರಬೇಕೆಂದು ನಾವು ಹನ್ನೆರಡು ಮಂದಿಯೂ ಬರೆದಿದ್ದೇವೆ.