ಮೂರು ಟೇಬಲ್ ಒಳಗೆ, ಒಂದು ಹೊರಗೆ: ಕಾಲೇಜು ಹಾಲ್ ಬಾಡಿಗೆ ಹಿಡಿದ ಅನುಭವ

ಹಾಸನದ ಸುತ್ತಮುತ್ತ ನೂರೈವತ್ತು, ಇನ್ನೂರು ಜನ ಸೇರುವ ಹಾಲ್ ಹುಡುಕುವುದು ಸುಲಭದ ಕೆಲಸವಲ್ಲ. ಕಲ್ಯಾಣ ಮಂಟಪ ಸಿಕ್ಕರೂ ಮದುವೆ ರೇಟು ಹೇಳುತ್ತಾರೆ. ಹೋಟೆಲಿನ ಪಾರ್ಟಿ ಹಾಲ್ ಹಿಡಿದರೆ ಊಟವೂ ಅವರದ್ದೇ ಆಗಬೇಕು. ಉಳಿಯೋದು ಸ್ಕೂಲು, ಕಾಲೇಜುಗಳ ಹಾಲ್. ನಾವು ಹಿಡಿದದ್ದು ನಮ್ಮ ಕಡೆಯ ಒಂದು ಕ್ಯಾಥೊಲಿಕ್ ಕಾಲೇಜಿನದು. ಹೆಸರು ಬರೆಯುವುದಿಲ್ಲ. ನಾನೂ ಅದೇ ಕ್ರೈಸ್ತ ಸಭೆಯವಳು, ಭಾನುವಾರ ಚರ್ಚಿಗೆ ಬಲಿಪೂಜೆಗೆ ಹೋದರೆ ಅವರ ಮುಖ ನೋಡಬೇಕಲ್ವಾ.

ಮೊದಲು ಹಾಲ್ ವಿಷಯ. ದಿನಕ್ಕೆ 9,000 ರೂಪಾಯಿ, ಡಿಪಾಸಿಟ್ 5,000. ಕರೆಂಟಿಗೆ ಮೀಟರ್ ನೋಡಿ ಬೇರೆ ಹಾಕುತ್ತಾರೆ, ನಮಗೆ 640 ಬಂತು. ಜನರೇಟರ್ ಇದೆ, ಡೀಸೆಲ್ ನಮ್ಮದು. ಕುರ್ಚಿ 200 ಅಂದರು, ಕೂರುವಂಥವು 170 ಇರಬಹುದು. ಕೆಂಪು ಕುರ್ಚಿ ಮಾತ್ರ ಮುಟ್ಟಬೇಡಿ, ದಪ್ಪಗಿರುವವರು ಕೂತರೆ ಕಾಲು ಅಗಲಿಸಿಕೊಳ್ಳುತ್ತೆ. ಮೇಲೆ ಶೀಟ್ ಹಾಕಿರುವುದರಿಂದ ಹನ್ನೆರಡು ಗಂಟೆ ಮೇಲೆ ಸೆಕೆ ಜಾಸ್ತಿ. ಮಳೆ ಬಂದರೆ ಮೈಕ್ ಇದ್ದೂ ಪ್ರಯೋಜನವಿಲ್ಲ. ಹೆಂಗಸರ ಟಾಯ್ಲೆಟ್ ಮೂರು. ಮೂರರಲ್ಲೂ ನೀರು, ಬಕೆಟ್, ಮಗ್ಗು ಇತ್ತು, ಒಂದಕ್ಕೆ ಚಿಲಕ ಇಲ್ಲ. ಮಂಡಿ ನೋವಿನವರಿಗೆ ಮೆಟ್ಟಿಲ ಪಕ್ಕದಲ್ಲೇ ಇಳಿಜಾರು ದಾರಿ ಇದೆ, ಕಂಬಿಯೂ ಇದೆ. ಇನ್ನು ಸ್ವಚ್ಛತೆಗೆ ಪೂರ್ತಿ ಅಂಕ. ಹಿಂದಿನ ದಿನವೇ ಗುಡಿಸಿ, ಒರೆಸಿ, ಫಿನಾಯಿಲ್ ಹಾಕಿ ಕೊಟ್ಟರು. ಬೇರೆ ಕಡೆ ಹಿಂದಿನವರ ಎಂಜಲೆಲೆಯನ್ನು ನಾವೇ ಎತ್ತಿದ್ದೇವೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ಕಥೆಗೆ ಬರುತ್ತೇನೆ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ 34 ವರ್ಷ ನರ್ಸ್ ಆಗಿದ್ದವಳು. ಸಕಲೇಶಪುರದ ಕಡೆ ಶುರು ಮಾಡಿ, ಆಲೂರು ಮುಗಿಸಿ, ಹಾಸನದಲ್ಲಿ 2017ಕ್ಕೆ ರಿಟೈರ್ ಆದೆ. ನಮ್ಮ ಬಡಾವಣೆಯ ಮಹಿಳಾ ಸಂಘದಿಂದ ವರ್ಷಕ್ಕೊಂದು ಹೆಲ್ತ್ ಕ್ಯಾಂಪ್ ಮಾಡುತ್ತೇವೆ. ಈ ಸಲ ಎರಡನೇ ಶನಿವಾರ ಇಟ್ಟುಕೊಂಡೆವು. ನಾಲ್ಕು ಟೇಬಲ್. ಬಿಪಿ, ಶುಗರಿಗೆ ಒಂದು, ಕಣ್ಣಿಗೆ ಒಂದು, ರಕ್ತ ಕಡಿಮೆ ಇದೆಯಾ ಅಂತ ನೋಡೋಕೆ ಒಂದು. ನಾಲ್ಕನೆಯದು ಕುಟುಂಬ ಯೋಜನೆ ಸಲಹೆ, ಅದು ನನ್ನ ಟೇಬಲ್. ವಂಕಿ (ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ), ಮಾಲಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರ ಇಂಜೆಕ್ಷನ್, ಇದರಲ್ಲಿ ಯಾವುದು ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅಂತ ಹೇಳೋದು. ಅಲ್ಲಿ ಯಾರಿಗೂ ಏನೂ ಹಾಕುವುದಿಲ್ಲ. ಕೇಳಿದವರಿಗೆ ನಿರೋಧ್ ಕಾಂಡೋಮ್ ಪ್ಯಾಕೆಟ್ ಕೊಡುತ್ತೇವೆ, ಉಳಿದದ್ದಕ್ಕೆ ಆಸ್ಪತ್ರೆಗೆ ಚೀಟಿ ಬರೆಯುತ್ತೇವೆ.

ಬುಕಿಂಗ್ ಫಾರಂನಲ್ಲಿ ‘ಕಾರ್ಯಕ್ರಮದ ವಿವರ’ ಅಂತ ಒಂದು ಗೆರೆ ಇತ್ತು. ‘ಉಚಿತ ಆರೋಗ್ಯ ತಪಾಸಣೆ’ ಅಂತ ಬರೆದೆ. ನಾಲ್ಕನೇ ಟೇಬಲ್ ಬರೆಯಲಿಲ್ಲ. ಬೇಕಂತಲೇ ಬಿಟ್ಟೆಯಾ ಅಂತ ನನ್ನ ಮಗಳು ಕೇಳಿದಳು. ಅರ್ಧ ಹೌದು, ಅರ್ಧ ಗೆರೆಯಲ್ಲಿ ಜಾಗ ಇರಲಿಲ್ಲ.

ಶುಕ್ರವಾರ ಸಂಜೆ ಐದು ಗಂಟೆಗೆ ಫ್ಲೆಕ್ಸ್ ಬಂತು. ಕಟ್ಟೋಕೆ ಹುಡುಗ ಏಣಿ ಹತ್ತಿದ್ದ. ಆಫೀಸಿನ ಕ್ಲರ್ಕ್ ಕೆಳಗೆ ನಿಂತು ಒಂದೊಂದೇ ಸಾಲು ಓದಿದರು. ನಾಲ್ಕನೇ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿದರು. ಪಕ್ಕದಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬೇರೆ, ಓದೋಕೆ ಬರದವರಿಗೂ ಅರ್ಥವಾಗುತ್ತೆ. ‘ಸಿಸ್ಟರ್, ಒಂದ್ನಿಮಿಷ’ ಅಂದರು. ಅಲ್ಲೇ ಹೂಕುಂಡಕ್ಕೆ ನೀರು ಹಾಕುತ್ತಿದ್ದ ಕನ್ಯಾಸ್ತ್ರೀ ‘ಏನಪ್ಪಾ?’ ಅಂತ ತಿರುಗಿದರು. ಆ ಕಾಂಪೌಂಡಿನಲ್ಲಿ ಸಿಸ್ಟರ್ ಅಂದರೆ ನಾಲ್ಕು ಜನ ತಿರುಗುತ್ತಾರೆ. ‘ನೀವಲ್ಲ ಸಿಸ್ಟರ್, ಈ ಸಿಸ್ಟರ್’ ಅಂತ ನನ್ನ ಕಡೆ ಕೈ ತೋರಿಸಿ, ಕ್ಲರ್ಕ್ ಪ್ರಿನ್ಸಿಪಾಲ್ ಫಾದರ್‌ನ ಕರೆಯೋಕೆ ಹೋದರು.

ಫಾದರ್ ಜೋರು ಮಾಡುವವರಲ್ಲ. ಕುರ್ಚಿ ಎಳೆದುಕೊಂಡು ಕೂತರು.

‘ಸಿಸ್ಟರ್, ಬಿಪಿ, ಶುಗರ್ ಎಷ್ಟು ಜನಕ್ಕಾದ್ರೂ ನೋಡಿ. ಆ ನಾಲ್ಕನೇದು ಮಾತ್ರ ಇಲ್ಲಿ ಬೇಡ.’

‘ಫಾದರ್, ಅದು ಬರೀ ಸಲಹೆ. ಯಾರಿಗೂ ಬಲವಂತ ಇಲ್ಲ.’

‘ನಿಮ್ಮ ಮೇಲೆ ನಂಬಿಕೆ ಇದೆ. ಆದ್ರೆ ನಾಳೆ ಯಾರೋ ಫೋಟೋ ಹೊಡೀತಾರೆ. ಹಿಂದೆ ಗೋಡೆ ಮೇಲೆ ಶಿಲುಬೆ, ಮುಂದೆ ನಿಮ್ಮ ನಿರೋಧ್ ಪ್ಯಾಕೆಟ್. ಸಂಜೆಗೆ ಅದು ಎಲ್ಲರ ವಾಟ್ಸಾಪ್‌ನಲ್ಲಿ ಇರುತ್ತೆ. ಬಿಷಪ್‌ಗೆ ಉತ್ತರ ಕೊಡಬೇಕಾದೋನು ನಾನು.’

ಆ ಫೋಟೋ ನನ್ನ ಕಣ್ಣಿಗೂ ಕಟ್ಟಿತು. ಸುಳ್ಳು ಯಾಕೆ ಹೇಳಲಿ. ನಾಳೆ ಹೆಣ್ಣು ಮಗು ಬೇಡ ಅನ್ನುವವರು ಬಂದು ಸಭೆ ಮಾಡೋಕೆ ನನ್ನ ಮನೆ ಜಗಲಿ ಕೇಳಿದರೆ, ಬಾಡಿಗೆ ಎಷ್ಟೇ ಕೊಟ್ಟರೂ ನಾನು ಕೊಡಲ್ಲ. ಜಗಲಿ ನನ್ನದು. ಹಾಗೇ ಹಾಲ್ ಅವರದು.

ಆಮೇಲೆ ಫಾದರ್ ಒಂದು ಆದೇಶದ ಹೆಸರು ಹೇಳಿದರು. ‘ಎಕ್ಸ್ ಕೋರ್ದೆ ಎಕ್ಲೇಸಿಯೆ’ ಅಂತ, 1990ರ ಆಗಸ್ಟ್ 15ರಂದು ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ್ದು. ಕ್ಯಾಥೊಲಿಕ್ ಅಂತ ಬೋರ್ಡ್ ಹಾಕಿಕೊಂಡ ಮೇಲೆ ಸಭೆಯ ಬೋಧನೆ ಸಂಸ್ಥೆಯ ಎಲ್ಲಾ ಕೆಲಸದಲ್ಲೂ ಕಾಣಬೇಕು ಅಂತ ಅದರಲ್ಲಿದೆಯಂತೆ. ರಾತ್ರಿ ಮಗಳ ಕೈಲಿ ಹುಡುಕಿಸಿ ಓದಿಸಿದೆ. ಇದೆ, ನಿಜ. ಆದರೆ ಅದೇ ವಾಕ್ಯದ ಇನ್ನರ್ಧದಲ್ಲಿ ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಗೌರವಿಸಬೇಕು ಅಂತಲೂ ಇದೆ. ಫಾದರ್ ಮೊದಲರ್ಧ ಹೇಳಿ ನಿಲ್ಲಿಸಿದ್ದರು. ನಾನಾಗಿದ್ದರೆ ಎರಡನೇ ಅರ್ಧ ಹೇಳಿ ನಿಲ್ಲಿಸುತ್ತಿದ್ದೆ ಬಿಡಿ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಟೇಬಲ್ ಮೇಲೆ ಹಾಸೋಕೆ ಏನಾದ್ರೂ ಇದೆಯಾ ಅಂತ ವೇದಿಕೆ ಹಿಂದಿನ ಕೋಣೆಗೆ ಹೋಗಿದ್ದೆ. ಹಳೇ ಫ್ಲೆಕ್ಸ್ ಸುರುಳಿ ಸುತ್ತಿಟ್ಟಿದ್ದರು. ಬಿಚ್ಚಿದರೆ ‘ವಾಸ್ತು ಮತ್ತು ಜ್ಯೋತಿಷ್ಯ ಮಾರ್ಗದರ್ಶನ ಶಿಬಿರ, ಉಚಿತ ಜಾತಕ ಪರಿಶೀಲನೆ’. ಸ್ಥಳ, ಇದೇ ಹಾಲ್. ನಮ್ಮ ಸಭೆಯ ಧರ್ಮೋಪದೇಶ ಗ್ರಂಥ 2116ನೇ ಅಂಕದಲ್ಲಿ ಜಾತಕ, ಜ್ಯೋತಿಷ್ಯ, ಕೈ ನೋಡಿಸೋದು ಎಲ್ಲಾ ಬೇಡ ಅಂತ ಸ್ಪಷ್ಟವಾಗಿ ಹೇಳುತ್ತೆ. ನಾನು ಮಕ್ಕಳಿಗೆ ಹನ್ನೆರಡು ವರ್ಷ ಧರ್ಮೋಪದೇಶ ಹೇಳಿಕೊಟ್ಟವಳು, ಆ ಅಂಕ ಬಾಯಿಪಾಠ. ಸುರುಳಿ ತಂದು ಫಾದರ್ ಮುಂದೆ ಬಿಚ್ಚಿದೆ.

ಅವರು ನೋಡಿದರು. ‘ಅದು ನಾನು ಇಲ್ಲಿಗೆ ಬರೋ ಮುಂಚೆ, ಸಿಸ್ಟರ್’ ಅಂದರು. ಆಮೇಲೆ ಮೆಲ್ಲಗೆ ನಕ್ಕರು. ನನಗೂ ನಗು ಬಂತು. ಆದರೆ ಟೇಬಲ್ ಒಳಗೆ ಬರಲಿಲ್ಲ.

ಒಂದು ರಾಜಿ ಸೂತ್ರವನ್ನೂ ಅವರೇ ಹೇಳಿದರು. ಬಿಲ್ಲಿಂಗ್ಸ್ ಪದ್ಧತಿ ಗೊತ್ತಲ್ಲ, ದಿನ ನೋಡಿಕೊಂಡು ಗಂಡ ಹೆಂಡತಿ ದೂರ ಇರೋದು, ಅದರ ಚಾರ್ಟ್ ಹಾಕಿಕೊಂಡು ಕೂರಿ ಅಂದರು. ಅದನ್ನೂ ಹಾಕುತ್ತೇನೆ, ಇದನ್ನೂ ಇಡುತ್ತೇನೆ ಅಂದೆ. ಬೇಡ ಅಂದರು. ಗಂಡ ಕುಡಿದು ಬರುವ ಮನೆಯಲ್ಲಿ ಚಾರ್ಟ್ ಯಾರು ನೋಡುತ್ತಾರೆ ಫಾದರ್ ಅಂತ ಕೇಳಬೇಕು ಅಂತಿದ್ದೆ, ಕೇಳಲಿಲ್ಲ.

ಈ ಜಗಳ ನನಗೆ ಹೊಸದಲ್ಲ. 1968ರ ಜುಲೈನಲ್ಲಿ ಪೋಪ್ ಆರನೇ ಪೌಲ್ ‘ಹುಮಾನೆ ವೀತೆ’ ಬರೆದು ಕೃತಕ ಗರ್ಭನಿರೋಧ ಬೇಡ ಅಂದರು. ಅದೇ 1968ರಲ್ಲಿ ನಮ್ಮ ಸರ್ಕಾರ 15 ಪೈಸೆಗೆ ಮೂರರಂತೆ ನಿರೋಧ್ ಅಂಗಡಿಗೆ ಬಿಟ್ಟಿತು. ನನಗಾಗ ಹನ್ನೊಂದು ವರ್ಷ, ಅಪ್ಪ ಸಕಲೇಶಪುರದ ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುವ ರೈಟರ್. ಮುಂದೆ ಎರಡಕ್ಕೂ ನಾನೇ ಸಿಕ್ಕಿಬಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಪನಿವೇದನೆಗೆ ಹೋಗಿ, ದಿನಾ ವಂಕಿ ಹಾಕುತ್ತೇನೆ ಫಾದರ್ ಅಂದೆ. ಒಳಗಿದ್ದ ಮುದುಕ ಪಾದ್ರಿ ಸ್ವಲ್ಪ ಹೊತ್ತು ಸುಮ್ನಿದ್ದು, ‘ಯಾರಿಗಾದ್ರೂ ಬಲವಂತವಾಗಿ ಹಾಕ್ತೀಯಾ?’ ಅಂತ ಕೇಳಿದರು. ಇಲ್ಲ ಅಂದೆ. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಪ್ರಾರ್ಥನೆ ಹೇಳು ಅಂದರು.

ಆ ಪ್ರಶ್ನೆ ಸಣ್ಣದಲ್ಲ. 1996ರವರೆಗೆ ನಮಗೆ ಟಾರ್ಗೆಟ್ ಇತ್ತು, ತಿಂಗಳಿಗೆ ಇಷ್ಟು ಆಪರೇಷನ್, ಇಷ್ಟು ವಂಕಿ ಅಂತ. ಮಾರ್ಚ್ ಬಂದರೆ ಮೇಲಿನವರು ಹೆಂಗಸರನ್ನು ಎಣಿಸುತ್ತಿದ್ದ ರೀತಿ ಕಾಫಿ ಮೂಟೆ ಎಣಿಸಿದ ಹಾಗಿರುತ್ತಿತ್ತು. ಆ ಕಾಲದಲ್ಲಿ ಚರ್ಚ್ ಹೇಳಿದ್ದರಲ್ಲಿ ಒಂದು ಮಾತು ಸರಿ ಇತ್ತು, ಮನುಷ್ಯರು ಲೆಕ್ಕಕ್ಕೆ ಅಲ್ಲ ಅಂತ. ಅದಕ್ಕೇ ಫಾದರ್ ಮೇಲೆ ನನಗೆ ಪೂರ್ತಿ ಕೋಪ ಮಾಡಿಕೊಳ್ಳೋಕೆ ಆಗಲ್ಲ.

ರಾತ್ರಿ ತಮ್ಮನ ಮಗಳಿಗೆ ಫೋನ್ ಮಾಡಿದೆ. ಅವಳು ಅಮೆರಿಕದಲ್ಲಿದ್ದಾಳೆ, ಕಾನೂನು ಓದಿದವಳು. ‘ಅತ್ತೆ, ಇಲ್ಲಿ ಇದು ದಿನಾ ಇರೋ ಜಗಳ’ ಅಂತ ನಗೋಕೆ ಶುರು ಮಾಡಿದಳು. ಬಾಸ್ಟನ್ ಕಾಲೇಜ್ ಅಂತ, ಜೆಸ್ವಿಟರು ಅನ್ನೋ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಕಾಲೇಜಂತೆ. 2013ರಲ್ಲಿ ಅಲ್ಲಿನ ಹುಡುಗರು ಹಾಸ್ಟೆಲ್ ರೂಮಿನಿಂದಲೇ ಕಾಂಡೋಮ್ ಹಂಚುತ್ತಿದ್ದರಂತೆ, ನಿಲ್ಲಿಸದಿದ್ದರೆ ಕ್ರಮ ತಗೊಳ್ಳಬೇಕಾಗುತ್ತೆ ಅಂತ ಆಡಳಿತದಿಂದ ಪತ್ರ ಹೋಯಿತಂತೆ. ನನ್ನದು ಬರೀ ಟೇಬಲ್ಲು.

ಅವಳು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೇಸು. ಅದೂ ಜೆಸ್ವಿಟರದ್ದೇ. ಸಲಿಂಗಿ ವಿದ್ಯಾರ್ಥಿಗಳ ಸಂಘಕ್ಕೆ ಮಾನ್ಯತೆ ಕೊಡಲ್ಲ ಅಂದರು, ಹುಡುಗರು ಕೋರ್ಟಿಗೆ ಹೋದರು. 1987ರಲ್ಲಿ ತೀರ್ಪು ಬಂತು. ‘ಒಪ್ಪಿಕೊಳ್ಳಿ, ಮಾನ್ಯತೆ ಕೊಡಿ ಅಂತ ನಿಮ್ಮ ಮೇಲೆ ಬಲವಂತ ಮಾಡೋಕೆ ಆಗಲ್ಲ. ಆದರೆ ಬೇರೆ ಸಂಘಗಳಿಗೆ ಕೊಡುವ ಸವಲತ್ತನ್ನು ಇವರಿಗೂ ಕೊಡಬೇಕು’ ಅನ್ನೋದು ಅದರ ಸಾರ. ಅದೇ ಕಡೆ ಗರ್ಭಪಾತದ ಹಕ್ಕು ಕೇಳುವ ಇನ್ನೊಂದು ಗುಂಪು ಇವತ್ತಿಗೂ ಮಾನ್ಯತೆ ಇಲ್ಲದೆ, ಕಾಲೇಜಿನ ದುಡ್ಡಿಲ್ಲದೆ ಅಂಗಳದಲ್ಲಿ ಟೇಬಲ್ ಹಾಕಿಕೊಂಡು ಕೂರುತ್ತದಂತೆ. ಅಲ್ಲೂ ಟೇಬಲ್ಲೇ ನೋಡಿ.

‘ಅತ್ತೆ, ಸನ್ಮಾನ ಬೇರೆ, ಜಾಗ ಬೇರೆ’ ಅಂದಳು. 2009ರಲ್ಲಿ ನೋಟರ್ ಡೇಮ್ ಅನ್ನೋ ಅಲ್ಲಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಆಗಿನ ಅಧ್ಯಕ್ಷ ಒಬಾಮ ಅವರನ್ನು ಕರೆದು ಗೌರವ ಪದವಿ ಕೊಟ್ಟಿತು. ಅವರು ಗರ್ಭಪಾತದ ಹಕ್ಕಿನ ಪರ ಇದ್ದವರು. ಊರಿನ ಬಿಷಪ್ಪೇ ಆ ಸಮಾರಂಭಕ್ಕೆ ಹೋಗಲಿಲ್ಲ. ಸಭೆಯ ಬೋಧನೆಗೆ ವಿರುದ್ಧ ಇರುವವರನ್ನು ಸನ್ಮಾನಿಸಬೇಡಿ ಅಂತ ಅಮೆರಿಕದ ಬಿಷಪ್ಪರು 2004ರಲ್ಲೇ ಹೇಳಿದ್ದರಂತೆ. ಸರಿ, ಬಿಷಪ್ಪರ ಮಾತು ನನಗೆ ಅರ್ಥವಾಗುತ್ತೆ. ಆದರೆ ನಾವು ಫಾದರ್ ಬಂದು ನಮಗೆ ಶಾಲು ಹೊದಿಸಲಿ ಅಂತ ಕೇಳಿರಲಿಲ್ಲ. ದೀಪ ಬೆಳಗಿಸೋಕೂ ಕರೆದಿರಲಿಲ್ಲ. 9,000 ಕೊಟ್ಟು ಹಾಲ್ ಕೇಳಿದ್ದು. ಬೇಕಿದ್ದರೆ ‘ಈ ಕಾರ್ಯಕ್ರಮಕ್ಕೂ ಕಾಲೇಜಿಗೂ ಸಂಬಂಧವಿಲ್ಲ’ ಅಂತ ಬಾಗಿಲಲ್ಲಿ ಬೋರ್ಡ್ ಹಾಕಲಿ, ನಾನೇ ಬರೆದು ಕೊಡುತ್ತಿದ್ದೆ. ಅಥವಾ ಖಂಡಿತ ಬೇಡ ಅನ್ನುವುದಾದರೆ ರಸೀದಿ ಹರಿಯುವ ಮುಂಚೆ ಹೇಳಲಿ. ಹಾಲ್ ಅವರದು ಅಂತ ಆಗಲೇ ಒಪ್ಪಿದೆನಲ್ಲ. ಕೊಡಲ್ಲ ಅಂದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತಿದ್ದೆವು. ಶುಕ್ರವಾರ ಸಂಜೆ ಐದಕ್ಕೆ ಹೇಳಿದರೆ ಎಲ್ಲಿಗೆ ಹೋಗೋದು?

ಶನಿವಾರ ಬೆಳಿಗ್ಗೆ ನಾಲ್ಕನೇ ಸಾಲಿನ ಮೇಲೆ ಬಿಳಿ ಹಾಳೆ ಅಂಟಿಸಿದೆವು. ನನ್ನ ಟೇಬಲ್ ಗೇಟಿನಾಚೆ ಹೋಯಿತು. ಅಲ್ಲಿ ಎಳನೀರು ಮಾರುವವನ ಗಾಡಿ ಪಕ್ಕ ಮರದ ನೆರಳಿದೆ. ಒಳಗೆ 143 ಜನ ಬಂದರು. ನನ್ನ ಹತ್ತಿರ ಒಂಬತ್ತು. ಹೋದ ವರ್ಷ ಬೇರೆ ಹಾಲ್‌ನಲ್ಲಿ ಮೂಲೆಗೆ ಪರದೆ ಕಟ್ಟಿಕೊಂಡು ಕೂತಾಗ ಐವತ್ತರ ಮೇಲೆ ಬಂದಿದ್ದರು.

ಪರದೆ ಇಲ್ಲದೆ ಈ ಮಾತು ಆಡೋಕೆ ಆಗಲ್ಲ. ರಸ್ತೆ ಬದಿಯಲ್ಲಿ, ಆಟೋದವರು ನೋಡುತ್ತಿರುವಾಗ, ಯಾವ ಹೆಂಗಸು ಬಂದು ತನಗೆ ವಂಕಿ ಹಾಕಿಸಿದ ಮೇಲೆ ಬ್ಲೀಡಿಂಗ್ ಜಾಸ್ತಿ ಅಂತಾಳೆ? ಒಬ್ಬಳು ಬಂದಳು, ಇಪ್ಪತ್ತೈದು ಇರಬಹುದು. ಎರಡು ಎಳನೀರು ಕುಡಿದಳು. ಎರಡನೆಯದನ್ನು ಒಡೆಸಿ ಗಂಜಿ ತಿನ್ನುತ್ತಾ, ಗಾಡಿ ಕಡೆ ಮುಖ ಮಾಡಿಕೊಂಡೇ ನನ್ನನ್ನು ಕೇಳಿದಳು. ಮೂರು ಹೆಣ್ಣು, ಅತ್ತೆಗೆ ಗಂಡು ಬೇಕು, ಇವಳಿಗೆ ಸಾಕು. ಇಂಜೆಕ್ಷನ್ ಹಾಕಿಸಿದರೆ ಮನೆಯಲ್ಲಿ ಗೊತ್ತಾಗುತ್ತಾ ಅಂತ. ಎಳನೀರಿನವನು ಬುದ್ಧಿವಂತ, ಮಚ್ಚು ಇಟ್ಟು ಆ ಕಡೆ ಹೋಗಿ ಬೀಡಿ ಹಚ್ಚಿದ. ಚೀಟಿ ಬರೆದು ಕೊಟ್ಟೆ. ಅವಳು ಅದನ್ನು ಎರಡು ಮಡಿಕೆ ಮಾಡಿ ಮೊಬೈಲಿನ ಕವರ್ ಒಳಗೆ ಸೇರಿಸಿಕೊಂಡಳು.

ಮಧ್ಯಾಹ್ನ ಹೂಕುಂಡದ ಸಿಸ್ಟರ್ ಒಂದು ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್ ಹಾಕಿಕೊಂಡು ಗೇಟಿನ ತನಕ ಬಂದರು. ‘ಒಳಗೆ ಬಂದು ತಿನ್ನಿ, ಬಿಸಿಲು’ ಅಂದರು. ಟೇಬಲ್ ಬಿಟ್ಟು ಬರೋಕಾಗಲ್ಲ ಅಂದೆ. ತಟ್ಟೆ ಕೊಟ್ಟು, ಟೇಬಲ್ ಮೇಲಿದ್ದ ಅಂತರ ಇಂಜೆಕ್ಷನ್ನಿನ ಕರಪತ್ರವನ್ನು ನಿಂತಲ್ಲೇ ಪೂರ್ತಿ ಓದಿ, ಮಡಿಸಿ, ಇದ್ದಲ್ಲೇ ಇಟ್ಟು ಹೋದರು.

ಡಿಪಾಸಿಟ್ ವಾಪಸ್ ಬರೋಕೆ 19 ದಿನ ಆಯಿತು. ಗೋಡೆಗೆ ಟೇಪ್ ಅಂಟಿಸಿದ್ದಕ್ಕೆ 500 ಹಿಡಿದುಕೊಂಡರು, ಅದು ನಮ್ಮದೇ ತಪ್ಪು. ನಾಲ್ಕನೇ ಟೇಬಲ್ ಹೊರಗೆ ಹಾಕಿದ್ದಕ್ಕೆ ಬಾಡಿಗೆಯಲ್ಲಿ ಏನೂ ಬಿಡಲಿಲ್ಲ, ಕೇಳಿ ನೋಡಿದೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಮದುವೆ ಮಾತುಕತೆ, ಹಳೇ ವಿದ್ಯಾರ್ಥಿಗಳ ಸಭೆ, ಬೀಳ್ಕೊಡುಗೆ ಇಂಥದ್ದಕ್ಕೆ ಕಣ್ಣು ಮುಚ್ಚಿ ಹಿಡಿಯಿರಿ. ಬೇರೆ ಏನಾದರೂ ಇದ್ದರೆ ಫಾರಂನ ಆ ಗೆರೆಯಲ್ಲಿ ಪೂರ್ತಿ ಬರೆಯಿರಿ, ಜಾಗ ಸಾಲದಿದ್ದರೆ ಹಿಂದುಗಡೆ ಬರೆಯಿರಿ.

ಮುಂದಿನ ವರ್ಷದ ಫಾರಂ ತರೋಕೆ ಮೊನ್ನೆ ಹೋಗಿದ್ದೆ. ಕೆಳಗೆ ಹೊಸ ಸಾಲು ಟೈಪ್ ಮಾಡಿಸಿದ್ದಾರೆ, ‘ಸಂಸ್ಥೆಯ ಮೌಲ್ಯಗಳಿಗೆ ವಿರುದ್ಧವಾದ ಕಾರ್ಯಕ್ರಮಗಳಿಗೆ ಅವಕಾಶವಿಲ್ಲ.’ ಜ್ಯೋತಿಷ್ಯ ಇದರಲ್ಲಿ ಬರುತ್ತಾ ಅಂತ ಕ್ಲರ್ಕನ್ನು ಕೇಳಿದೆ. ‘ಅದೆಲ್ಲಾ ಫಾದರ್‌ಗೇ ಗೊತ್ತು ಸಿಸ್ಟರ್’ ಅಂದರು. ಹಾಲ್ ಮತ್ತೆ ಬುಕ್ ಮಾಡಿದೆ, ಮೂರು ಟೇಬಲ್ ಅಂತ ಬರೆದು. ಎಳನೀರಿನವನು ದೊಡ್ಡ ಕೊಡೆ ತರುತ್ತೇನೆ ಅಂದಿದ್ದಾನೆ. ಪರದೆಗೆ ನನ್ನ ಹಳೇ ಯೂನಿಫಾರಂ ಸೀರೆ ಎರಡು ತೆಗೆದಿಟ್ಟಿದ್ದೇನೆ.