ಜಾಕೆಟ್ ಡಿಕ್ಕಿಯಲ್ಲಿ ಇರಬಾರದು: ಎರಡು ವರ್ಷ ಕಾಂಬಿಟಾಶೆ ಬಳಸಿದ ಅನುಭವ

ನಾವಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರ. ಬೆಳಿಗ್ಗೆ ತಿಂಡಿ ತಿಂದು ಕಾರು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಫ್ರಾನ್ಸ್‌ನಲ್ಲೋ ಸ್ವಿಟ್ಜರ್ಲೆಂಡ್‌ನಲ್ಲೋ ಆಸ್ಟ್ರಿಯಾದಲ್ಲೋ ಇರಬಹುದು. ಎಷ್ಟೋ ಸಲ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ. ಆದರೆ ಕಾರಿನಲ್ಲಿ ಏನೇನು ಇರಬೇಕು, ಎಲ್ಲಿ ಇರಬೇಕು ಅನ್ನೋ ನಿಯಮ ಅಲ್ಲಿಂದ ಬೇರೆಯಾಗುತ್ತದೆ.

ಇಲ್ಲಿ ಕಾಂಬಿಟಾಶೆ ಅಂತ ಒಂದು ಚೀಲ ಸಿಗುತ್ತದೆ. ಅದರಲ್ಲಿ ಕಾರು ಕೆಟ್ಟಾಗ ಹಿಂದೆ ರಸ್ತೆಯ ಮೇಲಿಡುವ ರಿಫ್ಲೆಕ್ಟರ್ ತ್ರಿಕೋನ, ಫಸ್ಟ್ ಏಡ್ ಸಾಮಾನು, ಒಂದು ಹಳದಿ ರಿಫ್ಲೆಕ್ಟರ್ ಜಾಕೆಟ್ ಇರುತ್ತವೆ. ಜರ್ಮನಿಯ ಕಾರುಗಳಿಗೆ ಈ ಮೂರೂ ಕಡ್ಡಾಯ. ಜಾಕೆಟ್ ಸೇರಿದ್ದು 2014ರ ಜುಲೈ 1ರಿಂದ. ನಾನು ತಗೊಂಡ ಚೀಲಕ್ಕೆ 25 ಯೂರೋ ಆಯಿತು. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಅಂಗಡಿಗಳಲ್ಲಿ ನಾನು ನೋಡಿದ ಚೀಲಗಳೆಲ್ಲ ಹೆಚ್ಚು ಕಡಿಮೆ ಇದೇ ಥರ ಇವೆ. ನಾನು ಹೇಳೋ ಒಳ್ಳೆಯದು ಕೆಟ್ಟದು ಅವಕ್ಕೂ ಅನ್ವಯಿಸುತ್ತದೆ.

ತಗೊಂಡ ದಿನ ತುಂಬಾ ಇಷ್ಟವಾಗಿತ್ತು. ಕಪ್ಪು ನೈಲಾನ್ ಚೀಲ, ಒಂದು ಮೊಳಕ್ಕಿಂತ ಸ್ವಲ್ಪ ಚಿಕ್ಕದು. ತಳದಲ್ಲಿ ವೆಲ್ಕ್ರೋ ಪಟ್ಟಿ ಇದೆ. ಡಿಕ್ಕಿಯ ಕಾರ್ಪೆಟ್ ಮೇಲೆ ಒತ್ತಿ ಇಟ್ಟರೆ ತಿರುವಿನಲ್ಲೂ ಜಾರುವುದಿಲ್ಲ. ಎಲ್ಲ ಒಂದೇ ಕಡೆ ಇದೆ, ಇನ್ನು ಚಿಂತೆ ಇಲ್ಲ ಅಂದುಕೊಂಡೆ. ಒಂದು ವರ್ಷ ಅದನ್ನು ತೆರೆಯಲೂ ಇಲ್ಲ.

2024ರ ಜೂನ್‌ನಲ್ಲಿ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಇಟಲಿಯ ಗಾರ್ಡಾ ಸರೋವರ ತೋರಿಸೋಣ ಅಂತ ಐದೂ ಜನ ಹೊರಟೆವು. ಉಲ್ಮ್ ದಾಟಿ, ಫ್ಯೂಸೆನ್ ಹತ್ತಿರದ ಗಡಿ ಸುರಂಗ ದಾಟಿ, ಆಸ್ಟ್ರಿಯಾದ ಟಿರೋಲ್‌ನಲ್ಲಿ ಫರ್ನ್‌ಪಾಸ್ ಘಾಟಿ ಕಡೆಗೆ ಹತ್ತುವ ರಸ್ತೆ ನಮ್ಮದು. ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್, ರೈಸ್ ಕುಕ್ಕರ್, ಐದು ಕೆಜಿ ಸೋನಾ ಮಸೂರಿ, ಅಮ್ಮ ತಂದ ಪುಳಿಯೋಗರೆ ಗೊಜ್ಜಿನ ಡಬ್ಬ, ಮಗಳ ಸೈಕಲ್. ಕಾಂಬಿಟಾಶೆ ಎಲ್ಲದರ ಕೆಳಗೆ.

ರೊಯ್ಟೆ ಊರು ದಾಟಿದ ಮೇಲೆ ಸಂಜೆ ಮಳೆಯಲ್ಲಿ ಹಿಂದಿನ ಟೈರ್ ಪಂಕ್ಚರ್ ಆಯಿತು. ಅದು ಹೈವೇ ಅಲ್ಲ, ಎರಡು ಸಾಲಿನ ರಸ್ತೆ. ಬದಿಗೆ ನಿಲ್ಲಿಸಲು ಪಟ್ಟಿ ಇಲ್ಲ. ಹುಲ್ಲಿನ ಮೇಲೆ ಅರ್ಧ ಕಾರು ಹತ್ತಿಸಿ ನಿಲ್ಲಿಸಿದೆ. ಹಿಂದೆಯೇ ಒಂದು ತಿರುವು. ನಾಲ್ಕೂ ಇಂಡಿಕೇಟರ್ ಹಾಕಿದೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ 28 ವರ್ಷ ಡ್ರೈವರ್ ಆಗಿದ್ದವರು. ಹೆಚ್ಚಿನ ಸರ್ವೀಸ್ ಹಾಸನದಿಂದ ಮಂಗಳೂರಿಗೆ, ಶಿರಾಡಿ ಘಾಟಿ ಮೇಲೆ. ಕಾರು ನಿಂತ ಕೂಡಲೇ ಹಿಂದಿನ ಸೀಟಿನಿಂದ ಒಂದೇ ಮಾತು ಕೇಳಿದರು. "ತ್ರಿಕೋನ ಎಲ್ಲಿದೆ ಮಗಳೇ?"

ಡಿಕ್ಕಿಯಲ್ಲಿ ಅಂದೆ. ಜಾಕೆಟ್? ಅದೂ ಡಿಕ್ಕಿಯಲ್ಲಿ. ಅಪ್ಪ ಸುಮ್ಮನಾದರು.

ಆಸ್ಟ್ರಿಯಾದಲ್ಲಿ ಊರಿನ ಹೊರಗೆ ಇಂಥ ಕಡೆ ಕಾರು ಕೆಟ್ಟು ನಿಂತಾಗ ಡ್ರೈವರ್ ಜಾಕೆಟ್ ಹಾಕಿಕೊಂಡೇ ಇಳಿಯಬೇಕು. ಜಾಕೆಟ್ ತರಬೇಕೆಂದರೆ ನಾನು ಮೊದಲು ಇಳಿಯಬೇಕು. ಬೇರೆ ದಾರಿ ಇರಲಿಲ್ಲ. ಬೂದು ಸ್ವೆಟರ್‌ನಲ್ಲಿ ಮಳೆಯಲ್ಲಿ ಇಳಿದೆ. ನಾನೂ ನನ್ನ ಗಂಡನೂ ಸೂಟ್‌ಕೇಸ್, ಕುಕ್ಕರ್, ಅಕ್ಕಿ ಒಂದೊಂದೇ ಎತ್ತಿ ಹುಲ್ಲಿನ ಮೇಲೆ ಇಟ್ಟೆವು. ಪಕ್ಕದಲ್ಲೇ ಲಾರಿಗಳು ನೀರು ಚಿಮ್ಮಿಸಿಕೊಂಡು ಹೋಗುತ್ತಿದ್ದವು. ಚೀಲದ ಜಿಪ್ ಒಂದೇ ಬದಿಗೆ ಇದೆ, ಒದ್ದೆ ಕೈಗೆ ಬರಲಿಲ್ಲ. ಬಂದಾಗ ಮೊದಲು ಸಿಕ್ಕಿದ್ದು ಫಸ್ಟ್ ಏಡ್ ಪೊಟ್ಟಣ, ಅದರ ಕೆಳಗೆ ಜಾಕೆಟ್, ತಳದಲ್ಲಿ ತ್ರಿಕೋನ. ಇಂಡಿಕೇಟರ್ ಹಾಕಿದಾಗಿನಿಂದ ತ್ರಿಕೋನ ರಸ್ತೆಗೆ ಬರುವವರೆಗೆ 11 ನಿಮಿಷ. ಅಪ್ಪ ವಾಚ್ ನೋಡಿಕೊಂಡಿದ್ದರು.

ಇಳಿದು ಕೆಲಸ ಮಾಡುತ್ತಿದ್ದವರು ಇಬ್ಬರು, ಜಾಕೆಟ್ ಒಂದೇ. ಅದನ್ನು ನಾನು ಹಾಕಿಕೊಂಡು ತ್ರಿಕೋನ ಇಡಲು ಹೋದೆ. ಆಗ ಒಂದು ಸಣ್ಣ ವ್ಯಾನ್ ನಮ್ಮನ್ನು ದಾಟಿ ಮುಂದೆ ನಿಂತಿತು. ಡ್ರೈವರ್ ಬಾಗಿಲು ತೆರೆಯುವ ಮೊದಲೇ ಬಾಗಿಲಿನ ಜೇಬಿಗೆ ಕೈ ಹಾಕಿ ಕಿತ್ತಳೆ ಬಣ್ಣದ ಜಾಕೆಟ್ ತೆಗೆದು, ಸೀಟಿನಲ್ಲಿ ಕೂತೇ ತೊಟ್ಟುಕೊಂಡು, ಆಮೇಲೆ ಇಳಿದರು. ಕೈಯಲ್ಲಿ ಇನ್ನೊಂದು ಜಾಕೆಟ್ ಇತ್ತು. ಅದನ್ನು ನನ್ನ ಗಂಡನಿಗೆ ಕೊಟ್ಟರು. ಜಾಕೆಟ್ ಎಲ್ಲಿರಬೇಕು ಅಂತ ನನಗೆ ಅರ್ಥವಾಗಿದ್ದು ಅವರನ್ನು ನೋಡಿ.

ಈಗ ಒಂದೊಂದೇ ಸಾಮಾನಿನ ವಿಷಯ ಹೇಳುತ್ತೇನೆ.

ತ್ರಿಕೋನ ಚೆನ್ನಾಗಿದೆ. ಕೆಂಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಡಿಸಿ ಇಟ್ಟಿರುತ್ತಾರೆ. ಮೈಮೇಲೆ ವೃತ್ತದೊಳಗೆ 'ಇ' ಗುರುತು, ಜೊತೆಗೆ 27 ಅನ್ನೋ ಸಂಖ್ಯೆ ಇದೆ. ಯುರೋಪಿನ ಒಪ್ಪಿಗೆ ಸಿಕ್ಕಿದ ತ್ರಿಕೋನ ಅನ್ನೋದಕ್ಕೆ ಅದೇ ಗುರುತು. ಗುರುತಿಲ್ಲದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಲಾರಿ ಹೋದಾಗ ಗಾಳಿಗೆ ಅಲುಗಾಡಿತು, ಬೀಳಲಿಲ್ಲ. ಕಾಲು ಬಿಡಿಸೋದು ಮಾತ್ರ ಮೊದಲ ಸಲ ಕಷ್ಟ. ಮನೆಯಲ್ಲಿ ಎರಡು ಸಲ ಬಿಡಿಸಿ ಮಡಿಸಿ ನೋಡಿಕೊಳ್ಳಿ. ಮಳೆಯಲ್ಲಿ ನಿಂತು ಕಲಿಯೋ ಕೆಲಸ ಅಲ್ಲ ಅದು.

ಎಷ್ಟು ದೂರ ಇಡಬೇಕು ಅನ್ನೋದು ದೇಶಕ್ಕೆ ತಕ್ಕ ಹಾಗೆ ಬೇರೆ. ಫ್ರಾನ್ಸ್‌ನಲ್ಲಿ ಕನಿಷ್ಠ 30 ಮೀಟರ್. ಜರ್ಮನಿಯಲ್ಲಿ ವಾಹನಗಳು ವೇಗವಾಗಿ ಬರುವ ರಸ್ತೆಯಲ್ಲಿ ಸುಮಾರು 100 ಮೀಟರ್. ಇಲ್ಲಿ ರಸ್ತೆ ಬದಿಯ ಬಿಳಿ ಕಂಬಗಳು ನೇರ ದಾರಿಯಲ್ಲಿ 50 ಮೀಟರಿಗೊಂದು ಇರುತ್ತವೆ, ಎರಡು ಕಂಬ ಎಣಿಸಿದರೆ ಸಾಕು. ಇಂಗ್ಲೆಂಡಿನಲ್ಲಿ ಕನಿಷ್ಠ 45 ಮೀಟರ್. ಆದರೆ ಅಲ್ಲಿನ ಮೋಟರ್‌ವೇಯಲ್ಲಿ ತ್ರಿಕೋನ ಇಡಲೇಬಾರದು, ನಡೆದು ಹೋಗುವುದೇ ಅಪಾಯ ಅಂತ. ನಾವು ನಿಂತಿದ್ದ ಕಡೆ ಅಳತೆಗಿಂತ ತಿರುವು ಮುಖ್ಯ ಅಂದರು ಅಪ್ಪ. ತಿರುವಿನ ಆಚೆ ಇಡಿಸಿದರು. ತಿರುಗಿದ ಮೇಲೆ ತ್ರಿಕೋನ ಕಂಡು ಏನು ಪ್ರಯೋಜನ, ಅಲ್ವಾ? ಬಿಡಿಸಿದ ತ್ರಿಕೋನವನ್ನು ಎದೆಯ ಮುಂದೆ, ಎದುರು ಬರುವ ಗಾಡಿಗಳಿಗೆ ಕಾಣುವ ಹಾಗೆ ಹಿಡಿದು ನಡೆಯಲು ಹೇಳಿದರು.

ಘಾಟಿಯಲ್ಲಿ ಲಾರಿ ಕೆಟ್ಟರೆ ನಮ್ಮಲ್ಲಿ ಸೊಪ್ಪಿನ ಕೊಂಬೆ ಮುರಿದು ಹಿಂದೆ ಹಾಕುತ್ತಾರೆ, ಕಲ್ಲು ಸಾಲಾಗಿ ಜೋಡಿಸುತ್ತಾರೆ. ಲಾರಿ ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಬರುವ ಬೈಕಿನವರಿಗೆ ಅದೇ ಯಮ. ಅಂಥ ಕಲ್ಲು ಕಂಡಲ್ಲೆಲ್ಲ ಬಸ್ ನಿಲ್ಲಿಸಿ ಕಂಡಕ್ಟರ್ ಕೈಲಿ ಬದಿಗೆ ಹಾಕಿಸುತ್ತಿದ್ದೆ ಅಂತ ಅಪ್ಪ ಆವತ್ತು ಹೇಳಿದರು. ಇಷ್ಟು ವರ್ಷದಲ್ಲಿ ನನಗೆ ಅದು ಗೊತ್ತೇ ಇರಲಿಲ್ಲ.

ಫಸ್ಟ್ ಏಡ್ ಪೊಟ್ಟಣಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಜರ್ಮನಿಯಲ್ಲಿ ಇದಕ್ಕೆ ಡಿಐಎನ್ 13164 ಅನ್ನೋ ಮಾನದಂಡ ಇದೆ. 2022ರಲ್ಲಿ ಅದನ್ನು ಬದಲಿಸಿ ಎರಡು ಮಾಸ್ಕ್ ಸೇರಿಸಿದರು, ಪೆಟ್ಟಾದ ಕೈಗೆ ಜೋಳಿಗೆ ಕಟ್ಟುವ ತ್ರಿಕೋನ ಬಟ್ಟೆ ಎರಡಿದ್ದದ್ದನ್ನು ಒಂದು ಮಾಡಿದರು. ಕತ್ತರಿ, ನಾಲ್ಕು ಕೈಗವಸು, ಬೇರೆ ಬೇರೆ ಅಳತೆಯ ಬ್ಯಾಂಡೇಜ್, ಗಾಯದ ಮೇಲಿಡುವ ಹತ್ತಿಬಟ್ಟೆ ಎಲ್ಲ ಇವೆ. ಸ್ಟೆಪ್ನಿ ಹಾಕುವಾಗ ನನ್ನ ಗಂಡನ ಅಂಗೈ ರಿಮ್ಮಿಗೆ ತಾಗಿ ಕೊಯ್ದುಕೊಂಡಿತು. ಒಂದು ಹತ್ತಿಬಟ್ಟೆ, ಒಂದು ಬ್ಯಾಂಡೇಜ್‌ನಲ್ಲಿ ರಕ್ತ ನಿಂತಿತು. ಕತ್ತರಿ ನಿಜವಾಗಿ ಕತ್ತರಿಸುತ್ತದೆ. ಮನೆಯಲ್ಲಿದ್ದ ಹಳೇ ಪೆಟ್ಟಿಗೆಯ ಕತ್ತರಿಗೆ ಪ್ಲಾಸ್ಟರ್ ಕೂಡ ಬಗ್ಗುತ್ತಿರಲಿಲ್ಲ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಪೊಟ್ಟಣದಲ್ಲಿದ್ದ ಮಿರಿಮಿರಿ ಹೊದಿಕೆ. 210 ಸೆಂಟಿಮೀಟರ್ ಉದ್ದ, 160 ಅಗಲ. ಮಡಿಸಿದರೆ ಅಂಗೈಯಷ್ಟು. ಕಾರಿನಲ್ಲಿ ಕೂರಿಸಬಾರದು ಅಂತ ಅಮ್ಮನನ್ನೂ ಮಗಳನ್ನೂ ಕಬ್ಬಿಣದ ತಡೆಯ ಆಚೆ, ಮರದ ಕೆಳಗೆ ನಿಲ್ಲಿಸಿದ್ದೆವು. ಜೂನ್ ಆದರೂ ಟಿರೋಲ್ ಮಳೆ ಮೈ ನಡುಗಿಸುತ್ತದೆ. ಬೆಳ್ಳಿ ಬಣ್ಣದ ಬದಿ ಮೈಗೆ ಬರುವ ಹಾಗೆ ಇಬ್ಬರಿಗೂ ಸೇರಿಸಿ ಹೊದಿಸಿದೆ. ಚಾಕಲೇಟ್ ಸುತ್ತಿದ ಕಾಗದದ ಹಾಗೆ ಸದ್ದು ಮಾಡುತ್ತದೆ, ಆದರೆ ಬೆಚ್ಚಗಿಡುತ್ತದೆ. ಅಮ್ಮ ಅದನ್ನು ಹೋಟೆಲ್ ತಲುಪುವವರೆಗೆ ತೆಗೆಯಲಿಲ್ಲ. ಒಮ್ಮೆ ಬಿಡಿಸಿದರೆ ಮೊದಲಿನಂತೆ ಮಡಿಸೋಕಾಗಲ್ಲ. ಮನೆಗೆ ವಾಪಸ್ ಬಂದು ಔಷಧಿ ಅಂಗಡಿಯಲ್ಲಿ ಹೊಸದು ತಂದಿಟ್ಟೆ. ಒಂದೊಂದೇ ಸಾಮಾನು ಬಿಡಿಯಾಗಿ ಸಿಗುತ್ತದೆ, ಇಡೀ ಪೊಟ್ಟಣ ಮತ್ತೆ ಕೊಳ್ಳಬೇಕಿಲ್ಲ.

ಪೊಟ್ಟಣದ ಮೇಲೆ ಕೊನೆಯ ದಿನಾಂಕ ಇರುತ್ತದೆ, ನೋಡಿಕೊಳ್ಳಿ. ಇಲ್ಲಿ ಎರಡು ವರ್ಷಕ್ಕೊಮ್ಮೆ ಕಾರು ತಪಾಸಣೆಗೆ ಹೋದಾಗ ಅದನ್ನೂ ನೋಡುತ್ತಾರೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಪ್ಲಾಸ್ಟರ್‌ನ ಅಂಟು ಬೇಗ ಹಾಳಾಗುತ್ತದೆ. ನಮ್ಮ ಹಳೇ ಪೆಟ್ಟಿಗೆಯ ಕೈಗವಸು ಬೆರಳು ಹಾಕಿದ ಕೂಡಲೇ ಹರಿದಿತ್ತು.

ಜಾಕೆಟ್ ಸುಮಾರು. ಇಂಥ ಜಾಕೆಟ್‌ಗಳ ಮಾನದಂಡವಾದ ಇಎನ್ ಐಎಸ್‌ಒ 20471 ಅಂತ ಒಳಗಿನ ಚೀಟಿಯಲ್ಲಿ ಇದೆ, ಹೊಳಪು ಚೆನ್ನಾಗಿದೆ. ಮುಂದಿನ ವೆಲ್ಕ್ರೋ ತುಂಬಾ ಚಿಕ್ಕದು, ದಪ್ಪ ಕೋಟಿನ ಮೇಲೆ ಹಾಕಿದರೆ ಬಿಟ್ಟುಕೊಳ್ಳುತ್ತದೆ. ಒಂದೇ ಕೊಡುತ್ತಾರೆ ಅನ್ನೋದು ದೊಡ್ಡ ಕೊರತೆ. ಜರ್ಮನಿಯ ಕಾನೂನಿಗೆ ಕಾರಿಗೊಂದು ಸಾಕು, ನಿಜ. ಆದರೆ ಕಾರು ಕೆಟ್ಟಾಗ ಇಳಿಯೋದು ಒಬ್ಬರೇ ಅಲ್ಲವಲ್ಲ? ಮೂರು ಮೂರು ಯೂರೋಗೆ ಇನ್ನೂ ನಾಲ್ಕು ತಂದೆ, ಒಂದು ಮಗಳ ಅಳತೆಯದು.

ಈ ಚೀಲದ ಮೇಲೆ ನನ್ನ ದೂರು ಒಂದೇ. ಮೂರನ್ನೂ ಒಟ್ಟಿಗೆ ಕಟ್ಟಿಕೊಟ್ಟು, ಡಿಕ್ಕಿಯಲ್ಲಿಡಿ ಅಂತ ಡಬ್ಬದ ಮೇಲೆ ಚಿತ್ರ ಹಾಕಿದ್ದಾರೆ. ತಪಾಸಣೆಯವರಿಗೆ ತೋರಿಸಲು ಅದು ಸುಲಭ. ರಸ್ತೆಯಲ್ಲಿ ಮೂರೂ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಜಾಗದಲ್ಲಿ ಬೇಕಾಗುತ್ತವೆ. ಫ್ರಾನ್ಸ್‌ನಲ್ಲಿ ಇಳಿಯುವ ಮೊದಲೇ ಜಾಕೆಟ್ ಕೈಗೆ ಸಿಗುವ ಹಾಗಿರಬೇಕು. ಡಿಕ್ಕಿಯಲ್ಲಿದ್ದರೆ ಲೆಕ್ಕಕ್ಕಿಲ್ಲ, ದಂಡ 135 ಯೂರೋ. ಸ್ವಿಟ್ಜರ್ಲೆಂಡ್‌ನಲ್ಲಿ ತ್ರಿಕೋನ ಸುಲಭವಾಗಿ ಕೈಗೆ ಸಿಗುವ ಹಾಗಿಡಬೇಕು. ಇದೇ ಚೀಲವನ್ನು ಚಿತ್ರದಲ್ಲಿದ್ದ ಹಾಗೆ ಇಟ್ಟು ಸಾಮಾನು ಹೇರಿದರೆ ಎರಡೂ ದೇಶದಲ್ಲಿ ತಪ್ಪಾಗುತ್ತದೆ.

ಹಾಗಾಗಿ ಚೀಲ ಬಿಚ್ಚಿ ಹಂಚಿದ್ದೇನೆ. ನನ್ನ ಜಾಕೆಟ್ ಡ್ರೈವರ್ ಬಾಗಿಲಿನ ಜೇಬಿನಲ್ಲಿ. ಪಕ್ಕದವರದು ಅವರ ಬಾಗಿಲಿನಲ್ಲಿ. ಹಿಂದಿನವರದು ಮುಂದಿನ ಸೀಟಿನ ಬೆನ್ನಿನ ಜೇಬಿನಲ್ಲಿ. ಫಸ್ಟ್ ಏಡ್ ಪಕ್ಕದ ಸೀಟಿನ ಕೆಳಗೆ, ಪಟ್ಟಿ ಕಟ್ಟಿ. ಬಿಡಿಯಾಗಿ ಬಿಟ್ಟರೆ ಬ್ರೇಕ್ ಒತ್ತಿದಾಗ ಡ್ರೈವರ್ ಕಾಲಡಿಗೆ ಬರಬಹುದು. ತ್ರಿಕೋನವನ್ನು ಡಿಕ್ಕಿಯ ಎಡ ಗೋಡೆಗೆ ವೆಲ್ಕ್ರೋ ಬೆಲ್ಟಿನಿಂದ ಬಿಗಿದಿದ್ದೇನೆ. ಸಾಮಾನು ಎಷ್ಟೇ ತುಂಬಿದರೂ ಬಾಗಿಲು ಎತ್ತಿದರೆ ಅದು ಎದುರಿಗೇ ಇರುತ್ತದೆ. ಕೆಲವು ಕಾರುಗಳಲ್ಲಿ ಡಿಕ್ಕಿ ಬಾಗಿಲಿನ ಒಳಮೈಯಲ್ಲೇ ತ್ರಿಕೋನಕ್ಕೆ ಜಾಗ ಮಾಡಿರುತ್ತಾರೆ, ನಿಮ್ಮದರಲ್ಲಿ ಇದೆಯಾ ನೋಡಿ. ಖಾಲಿ ಚೀಲದಲ್ಲಿ ಈಗ ಟಾರ್ಚ್, ಕೆಲಸದ ಕೈಗವಸು, ಹಳೇ ಟವಲ್ ಇವೆ.

'ಇಡೀ ಯುರೋಪಿಗೆ' ಅಂತ 50–60 ಯೂರೋಗೆ ಮಾರುವ ದೊಡ್ಡ ಚೀಲಗಳ ವಿಷಯದಲ್ಲಿ ಒಂದು ಮಾತು. ಅಂಥ ಚೀಲದಲ್ಲಿ ಫ್ರಾನ್ಸ್‌ಗೆ ಬೇಕು ಅಂತ ಕುಡಿತ ಪತ್ತೆ ಮಾಡುವ ಊದುಕೊಳವೆ ಸೇರಿಸಿರುತ್ತಾರೆ. ಆ ನಿಯಮ 2012ರಲ್ಲಿ ಬಂದು 2020ರಲ್ಲಿ ಹೋಯಿತು. ಅದಕ್ಕೆ ದುಡ್ಡು ಕೊಡಬೇಡಿ. ಸ್ಪೇನ್‌ನಲ್ಲಿ 2026ರ ಜನವರಿ 1ರಿಂದ ತ್ರಿಕೋನದ ಬದಲು ಕಾರಿನ ಮೇಲಿಡುವ ವಿ-16 ಮಿನುಗು ದೀಪ ಕಡ್ಡಾಯ, ಆದರೆ ಅದು ಅಲ್ಲಿ ನೋಂದಣಿಯಾದ ಕಾರುಗಳಿಗೆ. ಹೊರಗಿನಿಂದ ಹೋಗುವ ನಮಗೆ ತ್ರಿಕೋನವೇ ನಡೆಯುತ್ತದೆ. ಇಂಗ್ಲೆಂಡಿನಿಂದ ಬರುವ ಸ್ನೇಹಿತರು ಹೆಡ್‌ಲೈಟಿಗೆ ಅಂಟಿಸುವ ಸ್ಟಿಕ್ಕರ್ ಮರೆಯಬಾರದು. ಬಲಗಡೆ ಸ್ಟೇರಿಂಗ್ ಇರುವ ಕಾರಿನ ಬೆಳಕು ಇಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಬೆಂಗಳೂರಿನಿಂದ ರಜೆಗೆ ಬಂದು ಬಾಡಿಗೆ ಕಾರು ತಗೊಳ್ಳುವವರು ಕೀಲಿ ಕೈಗೆ ಬಂದ ಕೂಡಲೇ ಹೊರಡಬೇಡಿ. ಸೂಟ್‌ಕೇಸ್ ಇಡುವ ಮೊದಲು ಡಿಕ್ಕಿಯ ತಳದ ಹಲಗೆ ಎತ್ತಿ ನೋಡಿ. ಎಷ್ಟೋ ಸಲ ಎಲ್ಲ ಅದರ ಕೆಳಗೆ ಇರುತ್ತದೆ. ಜಾಕೆಟ್ ತೆಗೆದು ಮುಂದಕ್ಕೆ ತಂದಿಡಿ. ತಲೆಗೊಂದು ಇಲ್ಲದಿದ್ದರೆ ಕೌಂಟರ್‌ನಲ್ಲಿ ಕೇಳಿ.

ನನ್ನ ಚೀಲಕ್ಕೆ ಐದಕ್ಕೆ ಮೂರೂವರೆ. 25 ಯೂರೋಗೆ ತ್ರಿಕೋನ, ಫಸ್ಟ್ ಏಡ್ ಎರಡೂ ಗಟ್ಟಿ ಸಾಮಾನು. ಜಿಪ್ ಮೂರು ಬದಿಗೆ ತೆರೆಯುವಂತಿದ್ದು, ಇನ್ನೊಂದು ಜಾಕೆಟ್ ಕೊಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಅವಧಿ ಮುಗಿದಾಗ ಇದನ್ನೇ ಮತ್ತೆ ತಗೊಳ್ಳುತ್ತೇನೆ, ಅಂಗಡಿಯ ಪಾರ್ಕಿಂಗ್‌ನಲ್ಲೇ ಬಿಚ್ಚಿ ಹಂಚುತ್ತೇನೆ.

ಹೋಗುವಾಗ ಅಪ್ಪ ಒಂದು ಹಳದಿ ಜಾಕೆಟ್ ಕೇಳಿ ತಗೊಂಡು ಹೋದರು. ನನ್ನ ತಮ್ಮ ರಾತ್ರಿ ಹೊತ್ತು ಹಾಸನದಿಂದ ಅರಸೀಕೆರೆಗೆ ತರಕಾರಿ ಗಾಡಿ ಓಡಿಸುತ್ತಾನೆ. ಈಗ ಅದು ಅವನ ಸೀಟಿನ ಹಿಂದೆ ನೇತಾಡುತ್ತಿದೆಯಂತೆ. ಮುಂದಿನ ಪ್ರಯಾಣಕ್ಕೆ ಮುಂಚೆ ನಮ್ಮ ಕಾರಿಗೆ ಇನ್ನೊಂದು ತರಬೇಕು.